ಕಾಳ್ಗಿಚ್ಚಿನ ಪರವಾಗಿ ನಾಲ್ಕು ಮಾತು

ಆಟ ಅಂದಮೇಲೆ ಅದರಲ್ಲಿ ಸೋಲುವವನೊಬ್ಬ ಇರಬೇಕು. ಸೋತ ಅವನ ಮುಖ ಚೆನ್ನಾಗಿ ಕಾಣುವ ಹಾಗೆ ಅವನು ನಮ್ಮ ಎದುರಿಗೇ ಕೂತಿರಬೇಕು. ಇದು ನನ್ನ ಮತ. ಈ ಮತದಿಂದಾಗಿ ನಮ್ಮ ಮನೆಯಲ್ಲಿ ನಾನೀಗ ಅಲ್ಪಸಂಖ್ಯಾತ. ಹೆಂಡತಿ, ಮಗಳು, ಮಗ ಮೂವರೂ ಒಂದಾಗಿ ನನ್ನನ್ನು ತಿದ್ದಲು ಹೊರಟರು. 'ಅಪ್ಪ ಈಗ ಸುಧಾರಿಸಿದ್ದಾನೆ' ಎಂದು ಬಂದ ನೆಂಟರಿಗೆಲ್ಲ ಹೇಳುತ್ತಲೂ ಇದ್ದಾರೆ. ಅದು ಶುದ್ಧ ಸುಳ್ಳು. ನಾನು ಸುಧಾರಿಸಿಲ್ಲ, ಸೋತಿದ್ದೇನೆ, ಅಷ್ಟೆ. ಸೋತದ್ದು ಹೇಗೆ ಎಂದು ನೀವೇ ಕೇಳಿ, ಆಮೇಲೆ ತೀರ್ಮಾನ ಹೇಳಿ.

ನಾನು ಬೆಳೆದ ರೀತಿಯೇ ಹಾಗೆ. ನಮ್ಮಲ್ಲಿ ಯಾವ ಶುಭಕಾರ್ಯವಾದರೂ ಊಟದ ಎಲೆ ತೆಗೆದು ನೆಲ ಒರೆಸಿದ ಕೂಡಲೇ ಜಮಖಾನ ಹಾಸಿ ಇಸ್ಪೀಟಿಗೆ ಕೂರುವುದು ವಾಡಿಕೆ. ಮದುಮಗನ ಹೆಸರು ಗೊತ್ತಿಲ್ಲದವರೂ ತುರುಪು ಯಾವುದು ಎಂದು ಮಾತ್ರ ತಪ್ಪದೆ ನೆನಪಿಟ್ಟುಕೊಂಡಿರುತ್ತಾರೆ. ನಮ್ಮ ಸೋದರಮಾವ ಗೆಲ್ಲುವ ಎಲೆಯನ್ನು ನೆಲಕ್ಕೆ ಅಪ್ಪಳಿಸುವ ಸದ್ದಿಗೆ ಒಳಗೆ ಮಲಗಿದ್ದ ಬಾಣಂತಿ ಎದ್ದು ಕೂತದ್ದಿದೆ. ಇನ್ನು ನನ್ನ ಅಜ್ಜಿ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ಹಾಸಿಗೆಯ ಪಕ್ಕ ಚೆನ್ನೆಮಣೆ ಇಟ್ಟುಕೊಂಡು ಆಡಿಸುತ್ತಿದ್ದಳು. ಜ್ವರದ ಹುಡುಗ, ಪಾಪ, ಒಂದಾಟ ಬಿಟ್ಟುಕೊಡೋಣ ಎಂದು ಆ ಪುಣ್ಯಾತ್ಗಿತ್ತಿಗೆ ಒಮ್ಮೆಯೂ ಅನ್ನಿಸಲಿಲ್ಲ. ನನ್ನ ಕಾಯಿಗಳನ್ನೆಲ್ಲ ಗುಡಿಸಿ ಮಡಿಲಿಗೆ ಹಾಕಿಕೊಂಡು, ನಾನು ಅಳಲು ಶುರುಮಾಡಿದ ಮೇಲೆ ಕಷಾಯ ಕೊಡುತ್ತಿದ್ದಳು. ಪ್ರೀತಿ ಬೇರೆ, ಆಟ ಬೇರೆ. ನಾನು ಕಲಿತ ಪಾಠ ಇದು.

ಸಾಲದ್ದಕ್ಕೆ ತಾಳಮದ್ದಳೆಯ ಹುಚ್ಚು ಬೇರೆ. ಹೊಟ್ಟೆಪಾಡಿಗೆ ಶಿರಸಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದೇನಾದರೂ, ಕರೆ ಬಂದರೆ ಸಿದ್ದಾಪುರವೋ ಮತ್ತಿಘಟ್ಟವೋ, ಶಾಲು ಹೊದ್ದು ಹೊರಟುಬಿಡುತ್ತೇನೆ. ನನ್ನ ಗಂಟಲಿಗೆ ಯಾವಾಗಲೂ ಬರುವುದು ರಾಕ್ಷಸನ ಪಾತ್ರವೇ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಎದುರಾಳಿಯನ್ನು ಕಟ್ಟಿಹಾಕಬೇಕು. ಅವನು ಒಂದಂದರೆ ನಾನು ಎರಡನ್ನಬೇಕು. ಎದುರು ಪಾತ್ರಧಾರಿ ಇಲ್ಲದಿದ್ದರೆ ನಾನು ಬರೀ ಶಾಲು ಹೊದ್ದು ಗೊಣಗುವ ಒಬ್ಬ ಗಂಡಸು. ಒಮ್ಮೆ ಬನವಾಸಿಯ ಕಡೆ ಹಾಗೇ ಆಯಿತು. ನನ್ನೆದುರಿನವರ ಬೈಕು ದಾರಿಯಲ್ಲಿ ಕೈಕೊಟ್ಟು, ನಾನು ಖಾಲಿ ಕುರ್ಚಿಗೆ ಸವಾಲು ಹಾಕುತ್ತ ಮುಕ್ಕಾಲು ಗಂಟೆ ಘರ್ಜಿಸಿದೆ. ಮುಗಿದ ಮೇಲೆ ಅಲ್ಲಿಯ ಹಿರಿಯರೊಬ್ಬರು ಬಂದು ಕೈಹಿಡಿದು, 'ಭಾಳ ಚಲೋ ಮಾತಾಡಿದ್ರಿ. ಆದ್ರ ಯಾರ ಕೂಡ ಜಗಳಾಡಾಕತ್ತಿದ್ರಿ ಅನ್ನೂದ ತಿಳೀಲಿಲ್ಲ ನೋಡ್ರಿ' ಅಂದರು. ಅವತ್ತೇ ಪ್ರತಿಜ್ಞೆ ಮಾಡಿದೆ, ಎದುರಾಳಿ ಇಲ್ಲದ ಕಡೆ ಇನ್ನು ಕೂರುವುದಿಲ್ಲ ಎಂದು.

ಇಂಥ ಮನುಷ್ಯನ ಮನೆಗೆ ಮಗಳು ಮೇಧಾ ಒಂದು ಭಾನುವಾರ ಮಧ್ಯಾಹ್ನ ಹೊಸ ಆಟದ ಡಬ್ಬಿ ತಂದಳು. ಡಿಗ್ರಿ ಓದುವ ಹುಡುಗಿ, ಸಿದ್ದಾಪುರದ ಗೆಳತಿಯ ಹತ್ತಿರ ಕೇಳಿ ತಂದದ್ದು. ಬಿಚ್ಚಿದರೆ ದೊಡ್ಡದೊಂದು ಹಲಗೆಯ ತುಂಬ ಕಾಡು, ನಡುವೆ ಒಂದು ಊರು, ನಾಲ್ಕು ದಿಕ್ಕಿನಿಂದಲೂ ಕಾಳ್ಗಿಚ್ಚು. ಒಬ್ಬರು ನೀರು ತರುವವರು, ಒಬ್ಬರು ಬೆಂಕಿ ಹಬ್ಬದಂತೆ ಗಿಡಗಂಟಿ ಕಡಿದು ದಾರಿ ಸವರುವವರು, ಹೀಗೆ ನಾಲ್ವರಿಗೆ ನಾಲ್ಕು ಕೆಲಸ. ಸರದಿಗೊಮ್ಮೆ ಒಂದು ಕಾರ್ಡು ಎತ್ತಿದರೆ ಬೆಂಕಿ ಎತ್ತ ಹಬ್ಬಿತು ಎಂದು ಅದು ಹೇಳುತ್ತದೆ.

'ಯಾರ ಮೇಲೆ ಯಾರು?' ಎಂದು ಕೈ ತಿಕ್ಕಿಕೊಂಡು ಕೇಳಿದೆ.

'ನಾವೆಲ್ಲ ಒಂದೇ ಬದಿ ಅಪ್ಪಾ. ಗೆದ್ರೆ ಎಲ್ಲರೂ ಗೆದ್ವಿ, ಸೋತ್ರೆ ಎಲ್ಲರೂ ಸೋತ್ವಿ.'

'ಹಾಗಾದ್ರೆ ನಮ್ಮೆದುರು ಯಾರು?'

'ಬೆಂಕಿ.'

ನಾನು ಹಲಗೆಯನ್ನು ನೋಡಿದೆ. ಬೆಂಕಿ ಅಂದರೆ ಕೆಂಪು ಬಣ್ಣದ ಮರದ ತುಂಡುಗಳು. ಅವಕ್ಕೆ ಮುಖವೂ ಇಲ್ಲ, ಸೋತರೆ ಪೆಚ್ಚಾಗುವ ಯೋಗ್ಯತೆಯೂ ಇಲ್ಲ. ಇದೆಂಥ ಆಟ ಮಾರಾಯ್ತಿ, ಕೇರಂ ಬೋರ್ಡು ಎಲ್ಲಿ ಹೋಯಿತು ಎಂದು ಕೇಳಿದೆ. ನನ್ನ ಹೆಂಡತಿ ವೀಣಾ ಯಲ್ಲಾಪುರದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು; ಯಾವುದನ್ನೂ ಪುರಾವೆ ಇಲ್ಲದೆ ಹೇಳುವುದಿಲ್ಲ. 'ಕೇರಂ ಆಡಿದಾಗೆಲ್ಲ ಇವನು ಸಿಟ್ಟು ಮಾಡ್ಕೊಂಡು ರೂಮಿಗೆ ಹೋಗಿ ಬಾಗಿಲು ಹಾಕ್ಕೊಳ್ತಾನೆ. ನೀವು ಹೊರಗೆ ನಿಂತು ಸ್ಕೋರು ಹೇಳ್ತೀರಿ' ಅಂದಳು. ಇವನು ಅಂದರೆ ಮಗ ಪ್ರಣವ, ಪಿಯುಸಿಯಲ್ಲಿದ್ದಾನೆ. ಈ ವಯಸ್ಸಿನ ಮಕ್ಕಳು ಹೇಗೆ ಗೊತ್ತಲ್ಲ? ವಾರವಿಡೀ ಅವರವರ ಕೋಣೆ, ಅವರವರ ಮೊಬೈಲು. 'ಊಟಕ್ಕೆ ಬನ್ನಿ' ಎನ್ನುವುದನ್ನೂ ವಾಟ್ಸಾಪಿನಲ್ಲಿ ಹಾಕಬೇಕು. ಭಾನುವಾರ ಮಧ್ಯಾಹ್ನ ಒಂದೇ ನಾಲ್ವರೂ ಒಂದು ಮೇಜಿಗೆ ಬರುವ ಹೊತ್ತು. ಹಾಗಾಗಿ ಹಲ್ಲುಕಚ್ಚಿ ಕೂತೆ.

ನನಗೆ ನೀರಿನವನ ಕೆಲಸ ಬಂತು. ಕೈಯಲ್ಲಿ ಮೂರು ಕೊಡ ನೀರಿನ ಕಾರ್ಡು. ಪ್ರಣವ, 'ಅಪ್ಪಾ, ನೀರು ಕೊಡು, ಬೆಂಕಿ ಶಾಲೆ ಹತ್ರ ಬಂತು' ಅಂದ. ನನ್ನ ಕೈಯಲ್ಲಿರುವ ಎಲೆಯನ್ನು ಪಕ್ಕದವನಿಗೆ ತೋರಿಸುವುದೇ ಮಹಾಪಾಪ ಎಂದು ತಿಳಿದು ಬೆಳೆದವನು ನಾನು, ಪುಕ್ಕಟೆ ಕೊಡುವುದೆಂದರೇನು? 'ಕೊಟ್ಟರೆ ನನಗೇನು ಕೊಡ್ತೀಯ?' ಎಂದೆ. 'ಅಪ್ಪಾ, ನಾನು ನಿನ್ನ ಬದಿಯವ!' 'ಅದನ್ನು ಎಲ್ಲರೂ ಹೇಳ್ತಾರೆ' ಎಂದೆ. ಈ ಚೌಕಾಸಿ ಮುಗಿಯುವುದರೊಳಗೆ ಶಾಲೆ ಸುಟ್ಟಿತು, ಊರು ಸುಟ್ಟಿತು, ನನ್ನ ಮೂರು ಕೊಡ ನೀರು ಕೈಯಲ್ಲೇ ತಣ್ಣಗೆ ಉಳಿಯಿತು. ವೀಣಾ ನನ್ನ ಕೈಯಲ್ಲಿದ್ದ ಕಾರ್ಡುಗಳನ್ನು ನೋಡಿ, 'ಇಟ್ಕೊಳ್ಳಿ, ಸ್ನಾನಕ್ಕೆ ಬೇಕಾಗ್ತದೆ' ಅಂದಳು.

ಎರಡನೇ ಆಟದಲ್ಲಿ ನಾನು ನೀರನ್ನೇನೋ ಕೊಟ್ಟೆ, ಬಾಯಿ ಮಾತ್ರ ಸುಮ್ಮನಿರಲಿಲ್ಲ. ನೋಡಿ, ಎಲ್ಲರೂ ಸೇರಿ ಒಬ್ಬನ ಮೇಲೆ ಬೀಳುತ್ತಿದ್ದೇವೆ. ಅವನ ಪರವಾಗಿ ಒಂದು ಮಾತು ಹೇಳುವವರು ಆ ಮೇಜಿನಲ್ಲಿ ಯಾರೂ ಇಲ್ಲ. ರಾಕ್ಷಸನಿಗಾದರೂ ಮಾತಾಡಲು ಅವಕಾಶ ಕೊಡುವ ಸೀಮೆ ನಮ್ಮದು! ಬೆಂಕಿಯ ಕಾರ್ಡು ಎತ್ತಿದ್ದೇ ತಡ, ನನಗರಿವಿಲ್ಲದೆ ಎದೆ ಉಬ್ಬಿತು: 'ಎಲೈ ಮಾನವರೇ! ಕಾಳ್ಗಿಚ್ಚು ಬಂತೆಂದು ಬೊಬ್ಬೆ ಹೊಡೆಯುತ್ತೀರಲ್ಲ, ನನ್ನನ್ನು ಕರೆದವರು ಯಾರು? ಬೀಡಿ ಸೇದಿ ಎಸೆದವರು ಯಾರು? ಉದುರಿ ಒಣಗಿದ ಎಲೆಯ ದರಕನ್ನು ಗುಡಿಸದೆ ಕಾಡಿನ ತುಂಬ ಹಾಸಿಟ್ಟವರು ಯಾರು? ಕರೆದಿರಿ, ಎಲೆ ಹಾಕಿದಿರಿ, ಬಡಿಸಿದಿರಿ. ಈಗ ಉಣ್ಣುತ್ತಿರುವವನನ್ನು ಪಂಕ್ತಿಯ ನಡುವಿನಿಂದ ಎಬ್ಬಿಸುತ್ತೀರಾ? ಇದು ಯಾವ ಊರಿನ ಧರ್ಮ?'

ಈ ಮಾತು ಯಾರಿಗೆ ತಾಗಬಾರದೋ ಅವರಿಗೆ ತಾಗಿತು. ವೀಣಾ ದಾರಿ ಸವರುವವಳು; ಅವಳ ಸರದಿ ಬಂದಿತ್ತು. ಮನೆಗೆ ಬಂದ ಮೀಟರ್ ರೀಡರನಿಗೂ ಕುಡಿಯಲು ಏನಾದರೂ ಆಸರಿಗೆ ಕೊಡದೆ ಕಳಿಸದ ಹೆಂಗಸು ಅವಳು. ಊಟಕ್ಕೆ ಕೂತವರನ್ನು ಅರ್ಧಕ್ಕೆ ಎಬ್ಬಿಸುವುದೆಂದರೆ ಅವಳ ತವರಿನಲ್ಲಿ ಕೊಲೆಗೆ ಸಮಾನ. ಕತ್ತಿಯ ಚಿತ್ರವಿದ್ದ ಕಾರ್ಡನ್ನು ಕೈಯಲ್ಲೇ ಹಿಡಿದು, 'ಇದೊಂದು ಕಾಡು ಮುಗಿಸಿಕೊಳ್ಳಲಿ ಬಿಡಿ, ಪಾಪ' ಎಂದುಬಿಟ್ಟಳು! ವಿಜ್ಞಾನದ ಟೀಚರು! ಬೆಂಕಿ ಆ ಕಾಡು ಮುಗಿಸಿ, ಕೈತೊಳೆಯದೆ ಊರಿಗೆ ನುಗ್ಗಿತು. ಮತ್ತೆ ಸೋತೆವು. ನನಗಂತೂ ಒಳಗೊಳಗೇ ಖುಷಿ. ಇಷ್ಟು ವರ್ಷದಲ್ಲಿ ನನ್ನ ಮಾತಿಗೆ ನನ್ನ ಹೆಂಡತಿ ಮರುಳಾದದ್ದು ಅದೇ ಮೊದಲು.

ಪ್ರಣವ ಎದ್ದು ನಿಂತ. ಮನೆಯಲ್ಲಿ ನಾವಾಡುವುದು ನಮ್ಮ ಬದಿಯ ಮಾತು. ಬರೆಯುವಾಗ ತುಸು ತೊಳೆದು ಬರೆದಿದ್ದೇನೆ. ಆದರೆ ಅವನು ಅವತ್ತು ಅಂದದ್ದನ್ನು ತೊಳೆಯಲು ಬರುವುದಿಲ್ಲ. 'ಅಪ್ಪ ಇದ್ರೆ ಆನು ಬತ್ನಿಲ್ಲೆ' ಅಂದ. ನಾನಿದ್ದರೆ ಅವನು ಆಟಕ್ಕೆ ಬರುವುದಿಲ್ಲವಂತೆ. ಬಾಗಿಲನ್ನು ಬಡಿಯಲಿಲ್ಲ, ಮೆತ್ತಗೆ ಹಾಕಿಕೊಂಡ. ಬಡಿದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ಭಾನುವಾರ ಮೂವರೇ ಕೂತರು. 'ಅಪ್ಪಾ, ನೀನು ಪೇಪರ್ ಓದು, ಹಾಂ?' ಎಂದು ಮೇಧಾ ನಯವಾಗಿಯೇ ಹೇಳಿದಳು. ಓದಿದರಾಯಿತು, ನನಗೇನು ಪೇಪರ್ ಓದಲು ಬರುವುದಿಲ್ಲವೇ? ಪಕ್ಕದ ಕೋಣೆಯಲ್ಲಿ ಕಾಲು ಚಾಚಿ ಕೂತು ಅಡಿಕೆ ಧಾರಣೆ ಓದಿದೆ, ನಿಧನ ವಾರ್ತೆ ಓದಿದೆ, ಟೆಂಡರು ಪ್ರಕಟಣೆ ಓದಿದೆ. ಆಚೆಯಿಂದ ನಗು ಕೇಳುತ್ತಿತ್ತು. ಪ್ರಣವ, ಎರಡಕ್ಕಿಂತ ಹೆಚ್ಚು ಶಬ್ದ ಆಡಿದರೆ ತೆರಿಗೆ ಬೀಳುತ್ತದೇನೋ ಎಂಬಂತೆ ಇರುವ ನನ್ನ ಮಗ, ಗಟ್ಟಿಯಾಗಿ ನಗುತ್ತಿದ್ದ. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು. ಸಿಟ್ಟೂ ಬಂತು, ಅಳುವೂ ಬಂತು. ಇನ್ನೆಷ್ಟು ಭಾನುವಾರ ಇವರು ಹೀಗೆ ಕೈಗೆ ಸಿಗುತ್ತಾರೆ? ಅಷ್ಟರಲ್ಲೂ ನಾನು ಟೆಂಡರು ಪ್ರಕಟಣೆ ಓದುತ್ತ ಕೂರಬೇಕೇ? ಆಗಲಿ, ಹೋಗಿ ಕ್ಷಮೆ ಕೇಳೋಣ ಎಂದು ಎದ್ದೆ. ಹೊಸ್ತಿಲಿಗೆ ಬಂದದ್ದೇ ತಡ, ಬಾಯಿಂದ ಬಂದದ್ದು ಬೇರೆಯೇ.

'ಎಲೈ! ನನ್ನನ್ನು ಹೊರಗಟ್ಟಿ ನೀವು ಸುಖವಾಗಿರುತ್ತೀರೆಂದು ತಿಳಿದಿರಾ? ನಾಲ್ಕು ದಿಕ್ಕೂ ನನ್ನದು! ಕರೆದು ಕೂರಿಸಿ, ಪಂಕ್ತಿಯಿಂದ ಎಬ್ಬಿಸಿದ ಅವಮಾನವನ್ನು ಈ ಕಾಳ್ಗಿಚ್ಚು ಮರೆತಾನೆಯೇ?'

ಪ್ರಣವ ಮೇಲೆ ನೋಡಿ ನಿಟ್ಟುಸಿರು ಬಿಟ್ಟ. ವೀಣಾ, 'ಶುರುವಾಯ್ತು' ಅಂದಳು. ಮೇಧಾ ಮಾತ್ರ ಕುರ್ಚಿಯನ್ನು ಸರ್ರನೆ ನನ್ನತ್ತ ತಿರುಗಿಸಿ, ದುಪಟ್ಟಾವನ್ನು ಶಾಲಿನ ಹಾಗೆ ಹೊದ್ದು, ನೆಟ್ಟಗೆ ಕೂತಳು. ಚಿಕ್ಕವಳಿದ್ದಾಗ ಇವಳನ್ನು ತಾಳಮದ್ದಳೆಗೆ ಕರೆದೊಯ್ಯುತ್ತಿದ್ದೆ; ನನ್ನ ಪಾತ್ರ ಶುರುವಾಗುವ ಮೊದಲೇ ನಿದ್ದೆ ಹೋಗುತ್ತಿದ್ದಳು. ಹಾಗೆಂದು ನಾನು ನಂಬಿದ್ದೆ.

'ಸ್ವಾಮೀ ಕಾಳ್ಗಿಚ್ಚೇ,' ಎಂದು ಸಮಾಧಾನದಲ್ಲಿ ತೊಡಗಿದಳು. 'ನೀನು ಉಣ್ಣಲು ಕೂತ ಅತಿಥಿ ಎಂದೆಯಲ್ಲ, ಯಾರು ಹೇಳಿದರು ನಿನಗೆ? ಅತಿಥಿಯಾದರೆ ಪಂಕ್ತಿಯಿಂದ ಎಬ್ಬಿಸಿದ್ದು ತಪ್ಪು, ಒಪ್ಪಿದೆ. ಆದರೆ ನೀನು ಮನೆಯವನು. ಬೆಳಿಗ್ಗೆ ಎದ್ದರೆ ಬಚ್ಚಲ ಹಂಡೆಯ ಬುಡದಲ್ಲಿ ನೀನು, ದೇವರ ಮುಂದಿನ ದೀಪದಲ್ಲಿ ನೀನು, ಒಲೆಯಲ್ಲಿ ನೀನು. ನೀನಿಲ್ಲದೆ ನಮ್ಮಲ್ಲಿ ಒಂದು ತುತ್ತು ಬೇಯುವುದಿಲ್ಲ. ಮನೆಯವನೇ ಹೊರಗೆ ಹೋಗಿ, ಅತಿಥಿಯ ಹಾಗೆ ಎಲೆ ಹಾಕಿಸಿಕೊಂಡು ಕೂತರೆ ನೋಡಿದವರು ಏನಂದಾರು? ಈ ನೀರು, ಈ ಕತ್ತಿ ನಿನ್ನನ್ನು ಆರಿಸಲು ತಂದದ್ದು ಎಂದುಕೊಂಡೆಯಾ? ಕರೆದೊಯ್ಯಲು ದಾರಿ ಮಾಡುತ್ತಿದ್ದೇವೆ. ಒಲೆ ಖಾಲಿ ಇದೆ.' ಇಷ್ಟು ಹೇಳಿ ಮಾತು ಇಳಿಸಿ, ಮನೆಯ ಮಾತಿನಲ್ಲೇ ಅಂದಳು: 'ಹೊರಗೆ ನಿಂತು ಎಂತಕ್ಕೆ ಉರೀತೆ ಅಪ್ಪಾ? ಒಳಗೆ ಬಂದು ಉರಿ.'

ನಾನು ಬಾಯಿ ತೆರೆದೆ. ದೊಡ್ಡ ದೊಡ್ಡವರ ಎದುರು ಕೂತು ತಡವರಿಸದವನು ನಾನು. ಒಂದಂದರೆ ಎರಡನ್ನುವವನು. ಒಂದೂ ಬರಲಿಲ್ಲ. ಪ್ರಣವ ಯಾವ ಮಾಯದಲ್ಲೋ ಸ್ಟೀಲಿನ ತಟ್ಟೆ ಬೋರಲು ಹಾಕಿ, ಚಮಚೆಯಲ್ಲಿ ಚಂಡೆಯ ಮುಕ್ತಾಯ ಬಾರಿಸಿದ, ತಾಳ ತಪ್ಪದೆ. ಆಮೇಲೆ ಕಾಲಿನಿಂದ ನಾಲ್ಕನೆಯ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ನಾನು ಹೋಗಿ ಕೂತೆ.

ಅಂದು ಊರು ಉಳಿಯಿತು. ಬೆಂಕಿಯ ಕಾರ್ಡು ಎತ್ತುವ ಕೆಲಸ ನನಗೇ ಕೊಟ್ಟಿದ್ದರು; ಪ್ರತಿಯೊಂದಕ್ಕೂ ಎರಡೇ ವಾಕ್ಯ ಅಬ್ಬರಿಸಬಹುದೆಂದು ಕರಾರು. 'ಗೆದ್ವಿ! ಅಪ್ಪನೂ ಗೆದ್ದ!' ಎಂದು ಮೂವರೂ ಕೂಗಿದರು. ಇಲ್ಲಿಯೇ ನನ್ನ ತಕರಾರು ಇರುವುದು. ನಾನು ಗೆದ್ದಿಲ್ಲ ಸ್ವಾಮಿ! ಎಲ್ಲರೂ ಗೆಲ್ಲುವ ಆ ಆಟದಲ್ಲಿ ಸಾಚಾ ಸೋತವನು ನಾನೊಬ್ಬ. ಎದುರುಬದುರು ಕೂತು, ನನ್ನ ಮಗಳ ಕೈಯಲ್ಲಿ ಸೋತವನು. ಆ ಸೋಲನ್ನು ನಾಲ್ವರಿಗೆ ಹಂಚಲು ನಾನು ತಯಾರಿಲ್ಲ. ಆಟಕ್ಕೆ ಎದುರಾಳಿ ಬೇಕು ಎಂಬ ನನ್ನ ಮತ ಈಗ ಮೊದಲಿಗಿಂತ ಗಟ್ಟಿಯಾಗಿದೆ, ಯಾಕೆಂದರೆ ಎಂಥ ಎದುರಾಳಿ ನನ್ನ ಮನೆಯಲ್ಲೇ ಬೆಳೆದು ನಿಂತಿದ್ದಾಳೆ!

ಅವಳ ಆ ಮಾತಿಗೊಂದು ತಕ್ಕ ಉತ್ತರ ಇರಲೇಬೇಕು. ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿಗೆ ಗಾಜು ಹಾಕಿ, 'ಕೆಳಗಿನ ಸಾಲು ಓದಿ' ಎಂದು ಹೇಳಿ, ಅವರು ಓದುತ್ತಿರುವಾಗ ನಾನು ಅದನ್ನೇ ಹುಡುಕುತ್ತಿರುತ್ತೇನೆ. ಮೊನ್ನೆ ಒಬ್ಬರಂತೂ ಗೋಡೆಯ ಅಕ್ಷರದ ಹಲಗೆಯನ್ನು ಇಡೀ ಓದಿ ಮುಗಿಸಿ, 'ಇನ್ನೇನಾದರೂ ಓದಬೇಕಾ?' ಎಂದು ಕೇಳಿದರು. ಉತ್ತರ ಇನ್ನೂ ಸಿಕ್ಕಿಲ್ಲ. ಸಿಗುವತನಕ ಭಾನುವಾರ ಮಧ್ಯಾಹ್ನ ಆಟಕ್ಕೆ ಎಲ್ಲರೂ ಕೂತ ಮೇಲೆ ವೀಣಾ ನನ್ನತ್ತ ತಿರುಗಿ, ಬಹಳ ಭಕ್ತಿಯಿಂದ, 'ಕಾಳ್ಗಿಚ್ಚೇ, ಒಲೆ ಖಾಲಿ ಇದ್ದು' ಎನ್ನುತ್ತಾಳೆ. ನಾನು ಎದ್ದು ಹೋಗಿ ನಾಲ್ವರಿಗೂ ಚಾ ಮಾಡಿಕೊಂಡು ಬರುತ್ತೇನೆ. ಹೋಗುವಾಗ ಎರಡು ವಾಕ್ಯ ಅಬ್ಬರಿಸಿಯೇ ಹೋಗುತ್ತೇನೆ.