ಅಂಗಿಯ ಒಳಗೆ ಏನಿದೆ?

ವಿದೇಶದಲ್ಲಿ ಭಾಷಾ ಸಹಾಯಕ ಎಂದರೆ ಎತ್ತರದ ವೇದಿಕೆ ಹತ್ತಿ, ಗಂಟಲು ಸರಿಪಡಿಸಿಕೊಂಡು, ನಮ್ಮ ನುಡಿಯ ಹಿರಿಮೆಯನ್ನು ಗಂಟೆಗಟ್ಟಲೆ ಕೊರೆಯುವ ಮಹಾನುಭಾವ ಎಂದೇ ನಾನು ಬಹಳ ಕಾಲ ನಂಬಿದ್ದೆ. ನಂಬಿಸಿದವರು ಬೇರೆ ಯಾರೂ ಅಲ್ಲ, ಆ ಹುದ್ದೆಗೆ ಹೊರಟು ನಿಂತಿದ್ದ ನಮ್ಮ ಭಾವ. ಅಲ್ಲಿಗೆ ಹೋದ ಮೇಲೆ ಅಕ್ಕ ಫೋನಿನಲ್ಲಿ ನನ್ನ ಭ್ರಮೆ ಬಿಡಿಸಿದಳು.

"ಹಾಗೇನಿಲ್ವೋ! ಟೀಚರಮ್ಮ ಬೋರ್ಡ್ ಮೇಲೆ 'ನೀರು' ಅಂತ ಬರೀತಾಳೆ. ನಿಮ್ಮ ಭಾವ ಎದ್ದು ನಿಂತು 'ನೀರು' ಅಂತಾರೆ. ಎಲ್ಲರೂ 'ನೀರು' ಅಂತಾರೆ. ಭಾವ ಕೂತ್ಕೋತಾರೆ. ಅಷ್ಟೇ. ಕುಡಿಯೋಕೂ ಕೊಡಲ್ಲ."

ಪಾಪ, ಭಾವ! ಊರಿನ ಕಾಲೇಜಿನಲ್ಲಿ ಉಪನ್ಯಾಸಕರಾಗಿದ್ದಷ್ಟು ಕಾಲ ಇನ್ನೊಬ್ಬರಿಗೆ ಬಾಯಿ ತೆರೆಯಲು ಬಿಡದವರು, ಈಗ ಟೀಚರಮ್ಮ ಕಣ್ಸನ್ನೆ ಮಾಡಿದರೆ ಮಾತ್ರ ಬಾಯಿ ತೆರೆಯಬೇಕು. ಟೀಚರಮ್ಮ ಆ ದೇಶದವಳೇ. ಪುಸ್ತಕ ಓದಿ ಕನ್ನಡ ಕಲಿತವಳು, ಆದ್ದರಿಂದ ನಮಗಿಂತ ಶುದ್ಧವಾಗಿ ಮಾತಾಡುತ್ತಾಳೆ. ಅವಳ ತರಗತಿಯಲ್ಲಿ ಎರಡು ಕಟ್ಟಳೆ. ಒಂದು, ಸಹಾಯಕರ ಬಾಯಿಂದ ಏನು ಬಂದರೂ ಎಲ್ಲರೂ ಅದೇ ರಾಗದಲ್ಲಿ ತಿರುಗಿ ಹೇಳಬೇಕು. ಇನ್ನೊಂದು, ಕಲಿಯುವವರು ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಸಹಾಯಕರು ಉತ್ತರ ಕೊಡಲೇಬೇಕು, ಸಾಧ್ಯವಾದರೆ ವಸ್ತುವನ್ನೇ ತೋರಿಸಬೇಕು.

ಈ ಅವಮಾನವನ್ನೆಲ್ಲ ಭಾವ ನುಂಗಿಕೊಂಡರು. ಆದರೆ ಚಳಿಗಾಲ ಬಂದಾಗ ಅವರೊಳಗಿನ ವೀರ ಎದ್ದು ನಿಂತ. ಅಕ್ಕ ಅಂಗಡಿಯಿಂದ ಉಣ್ಣೆಯ ಒಳಉಡುಪುಗಳನ್ನು ತಂದು ಮಂಚದ ಮೇಲೆ ಇಟ್ಟಳು. ಭಾವ ಅವನ್ನು ಬೆರಳ ತುದಿಯಲ್ಲಿ ಎತ್ತಿ, ಸತ್ತ ಇಲಿಯನ್ನು ನೋಡುವಂತೆ ನೋಡಿದರು.

"ಏನೇ ಇದು?"

"ಒಳಗೆ ಹಾಕ್ಕೊಳ್ಳೋದು ರೀ. ಇಲ್ಲಿ ಎಲ್ಲರೂ ಹಾಕ್ಕೋತಾರೆ."

"ಎಲ್ಲರೂ ಹಾಕ್ಕೊಳ್ಳಲಿ! ಚಳಿ ಅನ್ನೋದು ಮನಸ್ಸಿನ ದೌರ್ಬಲ್ಯ. ಈ ಚಳಿಗಾಲವನ್ನ ನಾನು ಒಂದು ಅಂಗಿ, ಒಂದು ಸ್ವೆಟರು, ಒಂದು ಕೋಟಲ್ಲಿ ದಾಟಿ ತೋರಿಸ್ತೀನಿ. ವಾಪಸ್ ಕೊಟ್ಟು ಬಾ!"

ಅಕ್ಕ ನಿಜವಾಗಿಯೂ ವಾಪಸ್ ಕೊಟ್ಟು ಬಂದಳು. ಅದೇ ಅವಳ ದೊಡ್ಡ ಗುಣ. ಗಂಡನ ಮಾತನ್ನು ತಕ್ಷಣ ಪಾಲಿಸಿ, ಆಮೇಲೆ ಮಜಾ ನೋಡುತ್ತಾಳೆ. ಅಲ್ಲದೆ ಬರುವಾಗ ತನಗಾಗಿ ಒಂದು ದಪ್ಪನೆಯ ನೈಟಿ ತಂದುಕೊಂಡಳು. ಒಳಗೆಲ್ಲ ಮೆತ್ತನೆಯ ತುಪ್ಪಳ, ಹೊರಗೆಲ್ಲ ತಟ್ಟೆಯಗಲದ ಸೂರ್ಯಕಾಂತಿ ಹೂಗಳು, ಅಂಚಿಗೆ ಹಳದಿ ಲೇಸು.

ಹಿಮ ಬೀಳತೊಡಗಿತು. ಮನೆಯಿಂದ ಶಾಲೆಗೆ ನಡೆದೇ ಹೋಗಬೇಕು. ಮೊದಲು ಭಾವನ ಮೂಗು ತನ್ನ ಇರವನ್ನೇ ಮರೆತಿತು. ಆಮೇಲೆ ಕಿವಿಗಳು ರಾಜೀನಾಮೆ ಕೊಟ್ಟವು. ತರಗತಿಯಲ್ಲಿ ಅವರು 'ಹಾಲು' ಅಂದರೆ 'ಹಾ-ಹಾ-ಹಾಲು' ಎಂದು ಕೇಳಿಸಿ, ಕಲಿಯುವವರೂ ಶ್ರದ್ಧೆಯಿಂದ ಹಲ್ಲು ಕಟಕಟಿಸುತ್ತ 'ಹಾ-ಹಾ-ಹಾಲು' ಎಂದರು. ಆದರೂ ಮನೆಗೆ ಬಂದು ಅಕ್ಕನ ಮುಂದೆ, "ಆಹಾ, ಏನು ಆಹ್ಲಾದಕರ ಹವೆ!" ಎನ್ನುತ್ತಿದ್ದರು. ಇನ್ನು ಯಾವ ಬಾಯಲ್ಲಿ ಉಣ್ಣೆಯ ಬಟ್ಟೆ ಕೇಳುವುದು?

ಹೀಗಿರುವಾಗ ಟೀಚರಮ್ಮ ಒಂದು ಸುದ್ದಿ ತಂದಳು. ಶಾಲೆಯ ಮುಖ್ಯಸ್ಥರು ತರಗತಿ ನೋಡಲು ಬರುತ್ತಾರೆ. ಅವರಿಗೆ ಕನ್ನಡದ ಗಂಧಗಾಳಿ ಇಲ್ಲ. ಆದರೆ ಕಲಿಯುವವರು ಬಾಯಿ ತೆರೆದು ಮಾತಾಡುತ್ತಾರೋ ಇಲ್ಲವೋ ಅನ್ನುವುದಷ್ಟೇ ಅವರಿಗೆ ಮುಖ್ಯ. ಮಾತಾಡಿದರೆ ಸಹಾಯಕರ ಹುದ್ದೆ ಮುಂದುವರಿಯುತ್ತದೆ. ಇಲ್ಲದಿದ್ದರೆ ಚಳಿಗಾಲ ಮುಗಿಯುವಷ್ಟರಲ್ಲಿ ಭಾವ ಪೆಟ್ಟಿಗೆ ಕಟ್ಟಬೇಕು.

"ಪಾಠ 'ಚಳಿಗಾಲದ ಉಡುಪುಗಳು'," ಎಂದಳು ಟೀಚರಮ್ಮ. "ತಾವು ಟೋಪಿ, ಕೈಗವಸು, ಕೋಟು ಒಂದೊಂದಾಗಿ ತೆಗೆದು ಹೆಸರು ಹೇಳಿರಿ. ಕೊನೆಯಲ್ಲಿ ತಮ್ಮ ಪತ್ನಿಯವರೂ ಬಂದು ತಮ್ಮೊಡನೆ ಸಣ್ಣ ಸಂಭಾಷಣೆ ನಡೆಸಲಿ. ಅದನ್ನೂ ಎಲ್ಲರೂ ತಿರುಗಿ ಹೇಳುತ್ತಾರೆ."

ಭಾವ ಊರಲ್ಲಿರುವ ನಮ್ಮೆಲ್ಲರಿಗೂ "ನನ್ನನ್ನ ಇಲ್ಲಿಂದ ಬಿಡೋದೇ ಇಲ್ಲ ಅಂತಾರಪ್ಪ!" ಎಂದು ಫೋನಿನಲ್ಲಿ ಹೇಳಿಯಾಗಿತ್ತು. ಈಗ ಪೆಟ್ಟಿಗೆ ಸಮೇತ ಬಂದಿಳಿದರೆ ಮುಖ ಎಲ್ಲಿಡುವುದು? ಭಾವನಿಗೆ ನಿದ್ದೆ ಹತ್ತಲಿಲ್ಲ.

ಮುಖ್ಯಸ್ಥರು ಬರುವ ದಿನ ಬೆಳಗ್ಗೆ ಕಿಟಕಿಯಿಂದ ನೋಡಿದರೆ ಹೊರಗೆ ರಸ್ತೆಯೇ ಇಲ್ಲ, ಬರೀ ಬಿಳುಪು. ನಡುಗುತ್ತ ಹೋಗಿ ನಿಂತರೆ ಮುಖ್ಯಸ್ಥರ ಮುಂದೆ ಮಾತು ಹೊರಡುವುದುಂಟೆ? ಅಕ್ಕ ಸ್ನಾನದ ಮನೆಯಲ್ಲಿದ್ದಳು. ಕೋಣೆಯ ಹೀಟರಿನ ಮೇಲೆ ಸೂರ್ಯಕಾಂತಿ ನೈಟಿ ಹರಡಿಕೊಂಡು, ಬಿಸಿಬಿಸಿಯಾಗಿ, 'ಬಾ' ಎಂದು ಕರೆಯುತ್ತಿತ್ತು. ಭಾವ ಒಮ್ಮೆ ಸ್ನಾನದ ಮನೆಯ ಬಾಗಿಲು ನೋಡಿದರು. ಒಮ್ಮೆ ನೈಟಿ ನೋಡಿದರು. ಧರ್ಮಸಂಕಟ ಕ್ಷಣಮಾತ್ರದಲ್ಲಿ ಮುಗಿಯಿತು!

ನೈಟಿಯನ್ನು ತಲೆಯ ಮೇಲಿಂದ ಇಳಿಬಿಟ್ಟು, ಮೇಲೆ ಅಂಗಿ ತೊಟ್ಟು, ಉಳಿದ ಗಜಗಟ್ಟಲೆ ಬಟ್ಟೆಯನ್ನು ಪ್ಯಾಂಟಿನೊಳಗೆ ತುರುಕಿ, ಬೆಲ್ಟು ಬಿಗಿದರು. ಕನ್ನಡಿಯಲ್ಲಿ ಸಾಹುಕಾರರೊಬ್ಬರು ಕಂಡರು. ಅಕ್ಕ ತಲೆ ಒರೆಸಿಕೊಳ್ಳುತ್ತ ಹೊರಗೆ ಬರುವಷ್ಟರಲ್ಲಿ ಸ್ವೆಟರಿನ ಮೇಲೆ ಕೋಟಿನ ಗುಂಡಿಯೂ ಹಾಕಿಯಾಗಿತ್ತು.

"ಏನ್ರೀ, ರಾತ್ರೋರಾತ್ರಿ ದಪ್ಪ ಆಗಿದೀರಲ್ಲ!"

"ಇಲ್ಲಿನ ಗಾಳಿ ಒಗ್ಗಿದೆ ಕಣೇ. ನೀನು ಹೊತ್ತಿಗೆ ಸರಿಯಾಗಿ ಬಾ," ಎಂದು ಭಾವ ಬಾಗಿಲು ದಾಟಿದರು.

ಆ ದಿನದ ನಡಿಗೆ ರಾಜಮೆರವಣಿಗೆ! ಮೂಗು ಮರಳಿ ಬಂತು, ಹಲ್ಲುಗಳು ಶಾಂತವಾದವು. ತರಗತಿ ತಲುಪಿದಾಗ ಹಿಂದಿನ ಸಾಲಿನಲ್ಲಿ ಮುಖ್ಯಸ್ಥರು ಕೈಕಟ್ಟಿ ಕೂತಿದ್ದರು. ಮುಂದಿನ ಸಾಲಿನಲ್ಲಿ ರೈಲು ಓಡಿಸಿ ನಿವೃತ್ತನಾದ ಅಜ್ಜ. ಎಲ್ಲರಿಗಿಂತ ಉತ್ಸಾಹಿ, ಎಲ್ಲರಿಗಿಂತ ದೊಡ್ಡ ಗಂಟಲು. ಹಿಂದಿನ ವಾರ ಟೀಚರಮ್ಮ ಚೀಲದೊಳಗೆ ಡಬ್ಬಿ, ಡಬ್ಬಿಯೊಳಗೆ ಗುಂಡಿ ಇಟ್ಟು 'ಒಳಗೆ ಏನಿದೆ?' ಎಂದು ಕೇಳುವುದನ್ನು ಕಲಿಸಿದ್ದಳು. ಅಜ್ಜನಿಗೆ ಕನ್ನಡದಲ್ಲಿ ಬರುತ್ತಿದ್ದ ಪ್ರಶ್ನೆ ಅದೊಂದೇ.

ಭಾವ ಗತ್ತಿನಿಂದ ಟೋಪಿ ತೆಗೆದರು. "ಇದು ಟೋಪಿ!"

"ಇದು ಟೋಪಿ!" ಎಂದಿತು ತರಗತಿ.

ಕೈಗವಸು ಆಯಿತು, ಕೋಟೂ ಆಯಿತು. ಪಾಠ ಅಲ್ಲಿಗೆ ಮುಗಿಯಬೇಕಿತ್ತು. ಅಜ್ಜ ಕೈ ಎತ್ತಿದ.

"ಕೋಟಿನ ಒಳಗೆ ಏನಿದೆ?"

ಟೀಚರಮ್ಮನ ಮುಖ ಅರಳಿತು. ಮುಖ್ಯಸ್ಥರು ಕೈ ಬಿಚ್ಚಿ ಮುಂದಕ್ಕೆ ಬಾಗಿದರು. ಉತ್ತರ ಕೊಡಲೇಬೇಕು! ಅಲ್ಲದೆ ತರಗತಿಯ ಹೀಟರಿನ ಕಾವಿಗೆ ಭಾವ ಒಳಗೊಳಗೇ ಬೇಯುತ್ತಿದ್ದರು. "ಒಳಗೆ ಸ್ವೆಟರು ಇದೆ!" ಎಂದು ಅದನ್ನೂ ಎಳೆದು ತೆಗೆದರು. ಎಳೆದ ರಭಸಕ್ಕೆ ಅಂಗಿಯೂ ಒಳಗಿನದೂ ಸಡಿಲವಾದವು. ಕೆಳಗೆ ಬಿದ್ದ ಕೈಗವಸು ಎತ್ತಿಕೊಳ್ಳಲು ತರಗತಿಗೆ ಬೆನ್ನು ಮಾಡಿ ಬಗ್ಗಿ ಎದ್ದರು ನೋಡಿ, ಬೆನ್ನ ಹಿಂದೆ ಪ್ಯಾಂಟಿನಿಂದ ಒಂದು ಸೂರ್ಯಕಾಂತಿ ಹೂವು ಲೇಸಿನ ಸಮೇತ ಹೊರಗೆ ಜಾರಿ, ಬಾಲದಂತೆ ತೂಗಾಡತೊಡಗಿತು.

ಭಾವನಿಗೆ ಗೊತ್ತಿಲ್ಲ. ತರಗತಿಗೆ ಗೊತ್ತಾಯಿತು. ಅಜ್ಜನ ಕಣ್ಣು ಹೊಳೆಯಿತು.

"ಅಂಗಿಯ ಒಳಗೆ ಏನಿದೆ?"

ಭಾವ ಗಂಭೀರವಾಗಿ, "ಅಂಗಿಯ ಒಳಗೆ ನಾನು ಇದ್ದೇನೆ!" ಎಂದರು.

"ಅಂಗಿಯ ಒಳಗೆ ನಾನು ಇದ್ದೇನೆ!" ಎಂದಿತು ತರಗತಿ. ಅಜ್ಜ ಬಿಡಲಿಲ್ಲ. ಬೆರಳು ಚಾಚಿ ಮತ್ತೆ ಕೇಳಿದ, "ಏನಿದೆ?"

"ಬೇರೆ ಏನೂ ಇಲ್ಲ!" ಎಂದು ಭಾವ ಬೋರ್ಡಿನ ಕಡೆ ತಿರುಗಿದರು. ತಿರುಗಿದ್ದೇ ತಪ್ಪಾಯಿತು. ಸರಿಯಾಗಿ ಅದೇ ಹೊತ್ತಿಗೆ, ಸಂಭಾಷಣೆಗೆಂದು ಅಕ್ಕ ಹಿಂಬದಿಯ ಬಾಗಿಲು ತೆರೆದು ಒಳಗೆ ಕಾಲಿಟ್ಟಳು. ಅವಳಿಗೆ ಮೊದಲು ಕಂಡದ್ದು ಗಂಡನ ಮುಖವಲ್ಲ.

"ಅಯ್ಯೋ! ಅದು ನನ್ನ ನೈಟಿ!"

"ಅಯ್ಯೋ! ಅದು ನನ್ನ ನೈಟಿ!" ಎಂದಿತು ತರಗತಿ, ಅದೇ ರಾಗದಲ್ಲಿ, ಅಜ್ಜನ ಗಂಟಲು ಎಲ್ಲಕ್ಕಿಂತ ಮೇಲೆ.

ಭಾವ ಹಿಂದಕ್ಕೆ ಕೈ ಹಾಕಿದರು. ಕೈಗೆ ಲೇಸು ಸಿಕ್ಕಿತು. "ಸುಮ್ನಿರೇ!" ಎಂದು ಪಿಸುಗುಟ್ಟಿದರು.

"ಸುಮ್ನಿರೇ!" ಎಂದು ಇಡೀ ತರಗತಿ ಪಿಸುಗುಟ್ಟಿತು.

"ಬೆಳಗ್ಗೆಯಿಂದ ಮನೆಯೆಲ್ಲಾ ಹುಡುಕಿ ಸಾಕಾಯ್ತು ರೀ! ನಾಚಿಕೆ ಆಗಲ್ವಾ?"

"ನಾಚಿಕೆ ಆಗಲ್ವಾ?" ಹೆಂಗಸರೆಲ್ಲ ಅಕ್ಕನ ಹಾಗೆಯೇ ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದರು.

"ಚಳಿ ಕಣೇ!" ಎಂದು ಭಾವ ಕೊನೆಗೂ ಬಾಯಿಬಿಟ್ಟರು.

"ಚಳಿ ಕಣೇ!" ಎಂದರು ಗಂಡಸರು, ಒಂದೇ ಕಂಠದಲ್ಲಿ, ತುಂಬು ಅನುಭವದಿಂದ.

"ಚಳಿ ಅನ್ನೋದು ಮನಸ್ಸಿನ ದೌರ್ಬಲ್ಯ ಅಂತಿದ್ರಿ?"

ಇಷ್ಟು ಉದ್ದದ ವಾಕ್ಯ ತಿರುಗಿ ಹೇಳಲು ಯಾರಿಗೂ ಬರಲಿಲ್ಲ. ತರಗತಿ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮುಖ್ಯಸ್ಥರು. ಒಂದು ಅಕ್ಷರವೂ ಅರ್ಥವಾಗದಿದ್ದರೂ, ತಾವು ನೋಡಿದ್ದು ವಾರಗಟ್ಟಲೆ ಅಭ್ಯಾಸ ಮಾಡಿಸಿದ ನಾಟಕ ಎಂದು ಅವರು ಭಾವಿಸಿದ್ದರು. ಎದ್ದು ಬಂದು ಅಕ್ಕನ ಕೈ ಕುಲುಕಿ, ಟೀಚರಮ್ಮನೊಡನೆ ಬಹಳ ಹೊತ್ತು ಮಾತಾಡಿದರು. ಹೋಗುವಾಗ ಭಾವನ ಬೆನ್ನಿನ ಹೂವನ್ನೊಮ್ಮೆ ಮೆಚ್ಚುಗೆಯಿಂದ ಮುಟ್ಟಿ ನೋಡಿದರು.

"ಹುದ್ದೆ ಉಳಿಯಿತು!" ಎಂದಳು ಟೀಚರಮ್ಮ. ಭಾವನ ಎದೆ ನೈಟಿಯ ಸಮೇತ ಉಬ್ಬಿತು. "ಆದರೆ ಇನ್ನು ಮುಂದೆ ಮಾತಾಡಿಸುವ ಕೆಲಸ ತಮ್ಮ ಪತ್ನಿಯವರದು. ಅವರು ಬಾಯಿ ತೆರೆದರೆ ತರಗತಿಗೆ ತಾನಾಗಿ ಮಾತು ಬರುತ್ತದೆ ಎಂದರು ಮುಖ್ಯಸ್ಥರು. ತಾವೂ ಜೊತೆಗೆ ಬರಬೇಕಂತೆ. ತಾವಿಲ್ಲದಿದ್ದರೆ ಅವರಿಗೆ ಮಾತು ಹೊರಡಲಿಕ್ಕಿಲ್ಲವಂತೆ."

ಈಗ ಅಕ್ಕ ತರಗತಿಯ ಮಧ್ಯೆ ನಿಂತು ದಿನಕ್ಕೊಂದು ವಿಷಯಕ್ಕೆ ಭಾವನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಕಲಿಯುವವರ ಸಂಖ್ಯೆ ಏರಿದೆಯಂತೆ. ಮೊನ್ನೆ ಫೋನು ಮಾಡಿದಾಗ ಅಪರೂಪಕ್ಕೆ ಭಾವನೇ ಎತ್ತಿಕೊಂಡರು. ಕುಶಲ ವಿಚಾರಿಸಿದ ಮೇಲೆ, ಸುಮ್ಮನಿರಲಾರದೆ ಕೇಳಿದೆ:

"ಅಲ್ಲ ಭಾವ, ಅಕ್ಕ ಪಾಠ ಮಾಡೋವಾಗ ನೀವೇನ್ ಮಾಡ್ತೀರಿ?"

"ಉಣ್ಣೆ ಬಟ್ಟೆ ಹಾಕ್ಕೊಂಡು ಕೂತಿರ್ತೀನಿ!" ಎಂದು ಭಾವ ಫೋನು ಇಟ್ಟರು.