ಕಾರಿನ ಮಾಳಿಗೆಗೆ ಬಿಳಿ ಸಿಮೆಂಟು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಕೈ ಮುಂದಿನ ಸಾಲಿಗೆ ಹೋಗುವುದಿಲ್ಲ. ಹೆಸರು ಗೌರಿ. ಬಾಯಲ್ಲಿ ಹಲ್ಲಿಲ್ಲ. ನನಗೂ ಮುಂದಿನ ಎರಡಿಲ್ಲ. ಹೋಲಿಕೆ ಎಂದರೆ ಇದು! ಶಹಾಬಾದದಲ್ಲಿ ಯಾರು ಎದುರಿಗೆ ಸಿಕ್ಕರೂ ಮೊಬೈಲು ತೆಗೆದು ಅವಳ ಫೋಟೋ ತೋರಿಸುತ್ತೇನೆ. ಕರೆಂಟ್ ಬಿಲ್ಲು ಕೊಡಲು ಬಂದವನಿಗೂ ತೋರಿಸಿದೆ. ಈಗ ಅವನು ಬಿಲ್ಲನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಓಡುತ್ತಾನೆ.

ಗೌರಿ ಹುಟ್ಟಿದ್ದು ಚಿಂಚೋಳಿಯಲ್ಲಿ, ನನ್ನ ಸೊಸೆಯ ತವರಿನಲ್ಲಿ. ಐದನೇ ತಿಂಗಳಿಗೆ, ಶ್ರಾವಣದ ಮೊದಲ ಸೋಮವಾರ, ನಮ್ಮ ಮನೆಗೆ ಕರೆತರುವುದೆಂದು ಹಿರಿಯರೆಲ್ಲ ಕೂತು ನಿಶ್ಚಯ ಮಾಡಿದ್ದೆವು. ಆದರೆ ಆಷಾಢದಲ್ಲಿ ಕೂಸನ್ನು ನೋಡಲು ಹೋದಾಗ ಒಂದು ಅನಾಹುತವಾಯಿತು. ನನ್ನ ಮಗ ಮಲ್ಲು ಯಾರಿಂದಲೋ ಹಳೆಯ ಕಾರು ಕೊಂಡಿದ್ದಾನೆ. ಅದರ ನೆತ್ತಿಯ ಮೇಲೆ ಗಾಜಿನ ಕಿಟಕಿಯಿದೆ. ಅದಕ್ಕೆ ಸನ್‌ರೂಫ್ ಎನ್ನುತ್ತಾರಂತೆ. ಬೀಗಿತಿಯನ್ನು ಆ ಕಾರಿನಲ್ಲಿ ಕೂಡಿಸಿಕೊಂಡು ಗುಡಿಗೆ ಹೊರಟಾಗ ಮಳೆ ಬಂತು. ಒಂದು ಹನಿ ಬೀಗಿತಿಯ ಕತ್ತಿನ ಮೇಲೆ ಬಿತ್ತು. ಇನ್ನೊಂದು ಬೆನ್ನೊಳಗೆ ಇಳಿಯಿತು.

"ಬೀಗರ, ನಿಮ್ಮ ಗಾಡಿ ಸೋರ್ತದ," ಎಂದರು. "ಸೋರೋ ಗಾಡ್ಯಾಗ ನಾ ಕೂಸಿಗಿ ಕಳಸಂಗಿಲ್ಲ. ಮಳಿಗಾಲ ಮುಗೀಲಿ. ದೀಪಾವಳಿಗಿ ಬರ್ರಿ."

ದೀಪಾವಳಿ! ಅಷ್ಟರಲ್ಲಿ ಗೌರಿಗೆ ಹಲ್ಲು ಬಂದು ನಮ್ಮ ಹೋಲಿಕೆಯೇ ಹೋಗಿಬಿಡುತ್ತಿತ್ತು. ಬಾಡಿಗೆ ಗಾಡಿ ತರುತ್ತೇನೆ ಎಂದಿದ್ದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ನಾನು ಹಾಗೆ ಅನ್ನಲಿಲ್ಲ. ಮೀಸೆ ಮುಟ್ಟಿಕೊಂಡೆ.

"ಬೀಗತೆವ್ವ, ಮೂವತ್ತ್ ವರ್ಷ ಮಾಳಿಗಿಗಿ ಫರಸಿ ಜೋಡಿಸಿದ ಕೈ ಇದು! ಸೋಮವಾರ ಗಾಡಿ ತರ್ತೀನಿ. ಒಂದ್ ಹನಿ ಸೋರಿದ್ರ ಈ ಮೀಸಿ ಬೋಳಸ್ತೀನಿ!"

ನನ್ನ ಹೆಂಡತಿ ಮಲ್ಲಮ್ಮ ಅಲ್ಲೇ ಹಣೆ ಚಚ್ಚಿಕೊಂಡಳು.

ಫರಸಿ ಎಂದರೆ ನಮ್ಮೂರಿನ ಹಾಸುಗಲ್ಲು. ಅದನ್ನು ಕೊಯ್ದು, ತಿಕ್ಕಿ, ನೆಲಕ್ಕೂ ಮಾಳಿಗೆಗೂ ಹಾಕುವುದು ನನ್ನ ಕಸುಬು. ಮೂರನೇ ಇಯತ್ತೆಗೆ ಸಾಲೆ ಬಿಟ್ಟವನಿಗೆ ಬೇರೆ ವಿದ್ಯೆ ಬರುವುದಿಲ್ಲ, ಆದರೆ ಈ ವಿದ್ಯೆ ಪೂರ್ತಿ ಬರುತ್ತದೆ. ಮಾಳಿಗೆ ಸೋರಿದರೆ ಏನು ಮಾಡಬೇಕು? ಸಂದಿ ಹುಡುಕಬೇಕು, ಬಿಳಿ ಸಿಮೆಂಟು ತುಂಬಬೇಕು, ನೀರು ಹೊಡೆಯಬೇಕು. ಕಾರಿನದೂ ಮಾಳಿಗೆಯೇ ಅಲ್ಲವೇ? ಸ್ವಲ್ಪ ಸಣ್ಣದು, ಅಷ್ಟೇ.

ಮಲ್ಲು ಫರಸಿ ಲೋಡು ತೆಗೆದುಕೊಂಡು ಸೊಲ್ಲಾಪುರಕ್ಕೆ ಹೊರಟ. "ಅಪ್ಪಾ, ಗಾಡಿಗಿ ಕೈ ಹಚ್ಚಬ್ಯಾಡ. ನಾ ಬಂದು ರಸೂಲ್ ಚಾಚಾಗ ತೋರಿಸ್ತೀನಿ," ಎಂದು ಎರಡು ಸಲ ಹೇಳಿದ. ಅವನ ಲಾರಿ ತಿರುವು ದಾಟುವ ತನಕ ನಾನು ತಾಳ್ಮೆಯಿಂದ ಕಾದೆ.

ಮೊದಲು ಒಳಗಿನ ಚಾವಣಿ. ಅದರ ಬಟ್ಟೆ ಅಂಟು ಬಿಟ್ಟು, ಲಗ್ನದ ಹಂದರದ ಹಾಗೆ ಜೋತುಬಿದ್ದಿತ್ತು. ಚಾವಣಿಯನ್ನು ಹಿಡಿದಿದ್ದ ಪ್ಲಾಸ್ಟಿಕ್ ಗುಂಡಿಗಳನ್ನೆಲ್ಲ ಕಿತ್ತು, ಬಟ್ಟೆ ಅಂಟಿಸಿದ್ದ ಹಲಗೆಯನ್ನು ಹಿಂದಿನ ಬಾಗಿಲಿನಿಂದ ಹೊರಗೆಳೆದೆ. ಬಟ್ಟೆ ಜಗ್ಗಿದ ಕೂಡಲೇ ಒಳಗಿನ ಸ್ಪಂಜು ಹಿಟ್ಟಾಗಿ ಸುರಿಯಿತು. ತಲೆ, ಮೀಸೆ, ಮೈ ಎಲ್ಲ ಹಳದಿ!

ಮಲ್ಲಮ್ಮ ಚಹಾ ತಂದವಳು ಹೊಸ್ತಿಲಲ್ಲೇ ನಿಂತಳು. "ಯವ್ವಾ, ಅರಿಷಿಣ ಹಚ್ಚಿಸ್ಕೊಂಡು ಕುಂತೀರಲ್ರಿ! ಈ ವಯಸ್ಸಿನ್ಯಾಗ ಯಾರ ಜೋಡಿ ಮದಿವಿ?"

"ನಗಬ್ಯಾಡ. ಮೊಮ್ಮಗಳ ಸಲುವಾಗಿ ತಪಸ್ಸು ಮಾಡ್ಲಿಕತ್ತೀನಿ."

"ತಪಸ್ಸು ಮುಗದ ಮ್ಯಾಲ ಅಂಗಳ ಕಸಾ ಹೊಡೀರಿ," ಎಂದು ಒಳಗೆ ಹೋದಳು. ಚಹಾವನ್ನೂ ಒಯ್ದಳು.

ಹೊಸ ಬಟ್ಟೆಗೆ ಸೀಟು ಕವರು ಹೊಲಿಯುವ ರಸೂಲನ ಅಂಗಡಿಗೆ ಹೋದೆ. ಅವನೂ ನಾನೂ ಚಡ್ಡಿ ದೋಸ್ತರು. ಮೊದಲು ಗೌರಿಯ ಫೋಟೋ ತೋರಿಸಿದೆ, ಆಮೇಲೆ ಮೂಲೆಯಲ್ಲಿದ್ದ ಕೆಂಪು ಮಖಮಲ್ಲಿನ ಮೇಲೆ ಕೈ ಇಟ್ಟೆ. ಮಹಾರಾಣಿ ಬರುವಾಗ ನೆತ್ತಿಯ ಮೇಲೆ ಮಖಮಲ್ಲು ಬೇಡವೇ?

"ಭೀಮಣ್ಣ, ಅದು ಸ್ಟೇಜಿಗಿ ಕಟ್ಟೋ ಬಟ್ಟಿ. ನೀರು ಬಿದ್ರ ಬಣ್ಣ ಬಿಡ್ತದ," ಎಂದ ರಸೂಲ್.

"ಕಾರಿನೊಳಗ ಮಳಿ ಬರ್ತದೇನೋ?"

"ನಿನ್ನ ಕಾರಿನಾಗ ಬರ್ತದಂತಲ್ಲ! ಗಾಡಿ ಇಲ್ಲಿಗಿ ತಗೊಂಬಾ, ನಾ ನೋಡ್ತೀನಿ."

"ಬಟ್ಟಿ ಕೊಡು. ಬುದ್ಧಿ ಬ್ಯಾಡ."

ಅವನು ಕೊಡಲು ಬಂದ ಅಂಟನ್ನೂ ಬೇಡವೆಂದೆ. ಬಾಗಿಲು ರಿಪೇರಿ ಮಾಡಿದಾಗ ಉಳಿದ ಬಡಿಗರ ಬಿಳಿ ಅಂಟು ಮನೆಯಲ್ಲಿ ಅರ್ಧ ಡಬ್ಬಿ ಇತ್ತು. ಅದನ್ನೇ ಬಳಿದು, ಮಖಮಲ್ಲು ಹಾಸಿ, ಮೇಲೆ ಹನ್ನೆರಡು ಫರಸಿ ಹೇರಿ ಇಡೀ ದಿನ ಒಣಗಿಸಿದೆ.

ಆಮೇಲೆ ಸನ್‌ರೂಫಿನ ಗಾಜು ಸರಿಸಿ ನೋಡಿದೆ. ಗಾಜಿನ ಸುತ್ತ ಒಂದು ಸಣ್ಣ ಕಾಲುವೆ. ಕಾಲುವೆಯ ನಾಲ್ಕು ಮೂಲೆಗೆ ನಾಲ್ಕು ತೂತು! ನನಗೆ ಸಿಟ್ಟೇ ಬಂತು. ಮಾಳಿಗೆ ಮಾಡಿ ಯಾರಾದರೂ ತೂತು ಬಿಡುತ್ತಾರೆಯೇ? ಇಷ್ಟು ದೊಡ್ಡ ಗಾಡಿ ಮಾಡಿದವರಿಗೆ ಇಷ್ಟು ಸಣ್ಣ ಜ್ಞಾನವಿಲ್ಲ. ಬಿಳಿ ಸಿಮೆಂಟು ಕಲಸಿದೆ. ನಾಲ್ಕಕ್ಕೂ ಗಟ್ಟಿಯಾಗಿ ತುಂಬಿ, ಹೆಬ್ಬೆರಳಿನಿಂದ ನಯ ಮಾಡಿದೆ. ಹಸಿ ಗೋಣಿಪಟ್ಟಿ ಹೊದಿಸಿ ಮೂರು ದಿನ ಮುಂಜಾನೆ ಸಂಜೆ ನೀರು ಚಿಮುಕಿಸಿದೆ. ಓಣಿಯವರು ನಿಂತು ನೋಡಿದರು. ಕಾರಿಗೆ ಕ್ಯೂರಿಂಗ್ ಮಾಡಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಕೊನೆಗೆ ಹಲಗೆ ಕೂಡಿಸಿದೆ. ಏಳು ಗುಂಡಿ ಉಳಿದವು. ಕಂಪನಿಯವರು ಹೆಚ್ಚಿಗೆ ಕೊಟ್ಟಿರಬೇಕೆಂದು ಜೇಬಿಗೆ ಹಾಕಿಕೊಂಡೆ. ಗಾಜು ಮುಚ್ಚಿ ಒಂದು ತಂಬಿಗೆ ನೀರು ಸುರಿದು ನೋಡಿದೆ. ಒಳಗೆ ಒಂದು ಹನಿಯೂ ಇಲ್ಲ! ಮಲ್ಲಮ್ಮನೂ ಅಂದು ಚಹಾ ಕೊಟ್ಟಳು.

ಸೋಮವಾರ ನಸುಕಿನಲ್ಲಿ ಮಲ್ಲು ಬಂದ. ಕಾರಿನ ಬಾಗಿಲು ತೆರೆದು, ಕೆಂಪು ಚಾವಣಿ ನೋಡಿ, ಬಾಗಿಲು ಮುಚ್ಚಿ, ಮತ್ತೆ ತೆರೆದ. "ಅಪ್ಪಾ, ಇದು ನಾಟಕ ಕಂಪನಿ ಆಗ್ಯಾದಲ್ಲ!" ಎಂದ. ನಾನು ಮೀಸೆ ಸವರಿ ಮುಂದಿನ ಸೀಟಿನಲ್ಲಿ ಕೂತೆ. ದೊಡ್ಡ ಕೆಲಸ ಮಾಡಿದವರು ಮಾತಾಡಬಾರದು. ಮಲ್ಲಮ್ಮನನ್ನು ಹಿಂದೆ ಕೂಡಿಸಿಕೊಂಡು ಮೂವರೂ ಚಿಂಚೋಳಿಗೆ ಹೊರಟೆವು. ಸೇಡಂ ದಾಟಿದರೂ ಮಳೆ ಬರಲಿಲ್ಲ. ನನಗೆ ಬೇಜಾರಾಯಿತು.

ಚಿಂಚೋಳಿಯಲ್ಲಿ ಬೀಗಿತಿ ಅಂಗಳದಲ್ಲೇ ಸಜ್ಜಾಗಿ ನಿಂತಿದ್ದರು. ಸೊಂಟದಲ್ಲಿ ಗೌರಿ, ಕಾಲ ಬಳಿ ಎರಡು ತುಂಬಿದ ಕೊಡ.

"ಮದಲ ಪರೀಕ್ಷಾ, ಆಮ್ಯಾಲ ಕೂಸು," ಎಂದರು.

"ಎರಡ್ಯಾಕ, ನಾಕ್ ಕೊಡ ಸುರೀರಿ!" ಎಂದು ನಾನು ಒಳಗೆ ಕೂತೆ. ಬೀಗರಾದ ಸಾಯಬಣ್ಣನವರು ನಾಲ್ಕು ಕೊಡ ಸುರಿದರು. ಹನಿಯಿಲ್ಲ! ನಾನು ಇಳಿದು ಬಂದು ಮೀಸೆ ತಿರುವಿದೆ. ಬೀಗಿತಿಯ ಮುಖ ಸಣ್ಣದಾಯಿತು. ಸೊಸೆ ಬಟ್ಟೆಯ ಗಂಟು ಹೊರಗೆ ತಂದಿಟ್ಟಳು. ಗೌರಿ ನನ್ನದಾದಳು!

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನಾನು ಭೀಮಣ್ಣ ಹೇಗಾಗುತ್ತೇನೆ?

"ಬೀಗರ, ಬರ್ರಿ, ಕುಂದ್ರಿ. ಮಖಮಲ್ಲಿನ ಕೆಳಗ ಒಂದ್ ಸುತ್ತು ಹಾಕ್ಸ್ತೀನಿ!" ಎಂದು ಸಾಯಬಣ್ಣನವರನ್ನು ಪಕ್ಕಕ್ಕೆ ಕೂಡಿಸಿಕೊಂಡು ನಾನೇ ಗಾಡಿ ನಡೆಸಿದೆ. ಅವರು ಬಿಳಿ ರುಮಾಲು ಸುತ್ತಿ, ಬಿಳಿ ಧೋತರ ಉಟ್ಟು ಕೂಸನ್ನು ಕಳಿಸಿಕೊಡಲು ತಯಾರಾಗಿದ್ದರು. ಇಪ್ಪತ್ತು ಹೆಜ್ಜೆ ಹೋಗಿರಬೇಕು, ಒಂದು ಎಮ್ಮೆ ಅಡ್ಡ ಬಂತು. ಬ್ರೇಕು ಒತ್ತಿದೆ.

ಎಮ್ಮೆ ಉಳಿಯಿತು. ನಾವು ಉಳಿಯಲಿಲ್ಲ.

ಕಾಲುವೆಯಲ್ಲಿ ತುಂಬಿ ನಿಂತಿದ್ದ ನೀರೆಲ್ಲ ಮುಂದಕ್ಕೆ ನುಗ್ಗಿ ಒಂದೇ ಸಲ ನಮ್ಮ ನೆತ್ತಿಯ ಮೇಲೆ ಬಿತ್ತು. ಅದರ ಹಿಂದೆಯೇ ಅಂಟು ಬಿಟ್ಟ ಮಖಮಲ್ಲು ಬಿದ್ದು ಇಬ್ಬರಿಗೂ ಮುಸುಕು ಹಾಕಿತು. ಏಳು ಗುಂಡಿಯಿಲ್ಲದ ಹಲಗೆ ಕೊನೆಗೆ ಬಂದು ಕೂತಿತು.

"ಬೀಗರ," ಎಂದು ಕತ್ತಲಲ್ಲಿ ಸಾಯಬಣ್ಣನವರ ದನಿ ಕೇಳಿತು, "ಸುತ್ತು ಮುಗೀತೇನ್ರಿ?"

ಹೊರಗೆ ಬಂದೆವು. ಅವರ ರುಮಾಲು ಕೆಂಪು, ಧೋತರ ಕೆಂಪು, ಕಿವಿಯಿಂದಲೂ ಕೆಂಪು ಇಳಿಯುತ್ತಿತ್ತು. "ಅಯ್ಯಯ್ಯೋ, ರಕ್ತ!" ಎಂದು ಬೀಗಿತಿ ಕಿರುಚಿದರು. ಅರ್ಧ ಓಣಿ ಓಡಿ ಬಂತು. ಆಗಲೇ ಬೀಗಿತಿಯ ಸೊಂಟದ ಮೇಲಿದ್ದ ಗೌರಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನೋಡಿ, ಬಾಯಗಲಿಸಿ, ಹೊಟ್ಟೆ ಕುಣಿಸಿ ಗಹಗಹಿಸಿ ನಕ್ಕಳು. ಅಷ್ಟು ಜೋರಾಗಿ ಅವಳು ನಕ್ಕಿದ್ದು ಅದೇ ಮೊದಲಂತೆ. ಮರ್ಯಾದೆ ಹೋಗುವ ಹೊತ್ತಿನಲ್ಲಿಯೂ ನನ್ನ ಎದೆ ತುಂಬಿ ಬಂತು.

ಮಲ್ಲು ಗಾಜು ಸರಿಸಿ ನೋಡಿದ. "ಅಪ್ಪಾ, ಇಲ್ಲಿ ನಾಕ್ ತೂತು ಇದ್ವಲ್ಲ?"

"ಇದ್ವು," ಎಂದೆ ಹೆಮ್ಮೆಯಿಂದ. "ಮುಚ್ಚೀನಿ."

"ಅವು ನೀರು ಹೊರಗ ಹೋಗೋ ಹಾದಿ, ಅಪ್ಪಾ!"

ಬೀಗಿತಿ ಬಟ್ಟೆಯ ಗಂಟನ್ನು ಒಳಗೆ ಒಯ್ದರು. "ದೀಪಾವಳಿಗಿ ಬರ್ರಿ. ಮೀಸಿ ಬೋಳಸ್ಕೊಂಡು ಬರ್ರಿ," ಎಂದರು.

ಹೋಗುವಾಗ ಮೂವರು, ಬರುವಾಗಲೂ ಮೂವರು. ಹಿಂದಿನ ಸೀಟಿನಲ್ಲಿ ಮಲ್ಲಮ್ಮ ಗೌರಿಗೆಂದು ಹೊಲಿದ ಕೌದಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ರಸೂಲ್ ಸಿಮೆಂಟು ಕೆತ್ತಿ ತೆಗೆದ. ಇಡೀ ದಿನ ಹಿಡಿಯಿತು, ನನ್ನ ಕೆಲಸ ಅಷ್ಟು ಗಟ್ಟಿ. ನಾಲ್ಕು ಮೂಲೆಯಿಂದ ನಾಲ್ಕು ಸಣ್ಣ ಪೈಪು ಚಕ್ರದ ಹತ್ತಿರ ಇಳಿದಿವೆಯಂತೆ. ಅವು ಮೊದಲೇ ಕಟ್ಟಿಕೊಂಡದ್ದಕ್ಕೇ ಕಾರು ಸೋರುತ್ತಿತ್ತಂತೆ. ಪಂಪಿನಿಂದ ಮೆಲ್ಲಗೆ ಗಾಳಿ ಬಿಟ್ಟ. ಕೆಳಗಿನಿಂದ ಬೂದು ಕೆಸರು ಪಿಚಕ್ಕನೆ ಹಾರಿತು. ರಸೂಲ್ ಅದನ್ನು ಬೆರಳಿನಲ್ಲಿ ತಿಕ್ಕಿ ನನ್ನ ಮೂಗಿನ ಮುಂದೆ ಹಿಡಿದ.

"ಭೀಮಣ್ಣ, ಇದು ನಿಂದೇ ಮಾಲು."

ಫರಸಿ ಪುಡಿ! ನೆರಳಿರುತ್ತದೆಂದು ದಿನಾ ಕಾರನ್ನು ನನ್ನ ಕಲ್ಲು ಕೊಯ್ಯುವ ಮಷೀನಿನ ಪಕ್ಕಕ್ಕೆ ನಿಲ್ಲಿಸುತ್ತಿದ್ದವನು ನಾನೇ. ರೋಗ ಕೊಟ್ಟವನೂ ನಾನೇ, ಔಷಧ ಕೊಟ್ಟವನೂ ನಾನೇ.

ರಸೂಲ್ ಹೊಸ ಚಾವಣಿ ಹಾಕಿದ, ತಿಳಿ ಬೂದು ಬಣ್ಣದ್ದು. ಜೋರು ಮಳೆಯಲ್ಲಿ ಮಲ್ಲು ಕಾರೊಳಗೆ ಕೂತು ವಿಡಿಯೋ ಮಾಡಿ ಚಿಂಚೋಳಿಗೆ ಕಳಿಸಿದ. ಬೀಗಿತಿ ಮೂರು ಸಲ ನೋಡಿ ಒಪ್ಪಿದರಂತೆ. ಎರಡೇ ಷರತ್ತು: ಕಾರಿಗೆ ನಾನು ಕೈ ಹಚ್ಚಬಾರದು, ಮೀಸೆ ಇರಬಾರದು. ಶ್ರಾವಣದ ಮೂರನೇ ಸೋಮವಾರ ಗೌರಿ ಮನೆಗೆ ಬಂದಳು. ಮೀಸೆಯಿಲ್ಲದ ನನ್ನನ್ನು ನೋಡಿ ಚಿಟ್ಟನೆ ಚೀರಿದಳು. ತಲೆಯ ಮೇಲೆ ಒಂದು ತಂಬಿಗೆ ನೀರು ಸುರಿದುಕೊಂಡ ಮೇಲೆ ಗುರುತು ಹಿಡಿದಳು.

ಈಗ ಹೊರಗೆ ಧೋ ಎಂದು ಮಳೆ ಸುರಿಯುತ್ತಿದೆ. ನಾನೇ ಫರಸಿ ಜೋಡಿಸಿ, ನಾನೇ ಬಿಳಿ ಸಿಮೆಂಟು ತುಂಬಿದ ನಮ್ಮ ಮಾಳಿಗೆ ತೊಟ್ಟಿಲ ನೆತ್ತಿಗೇ ಸರಿಯಾಗಿ ಹನಿಯುತ್ತಿದೆ. ಮಲ್ಲಮ್ಮ ತೊಟ್ಟಿಲನ್ನು ಎರಡು ಸಲ ಸರಿಸಿದಳು. ಆಮೇಲೆ ನನ್ನನ್ನೊಮ್ಮೆ ನೋಡಿ, ಗೌರಿಗೆ ಕೌದಿ ಸುತ್ತಿ, ಕೊಡೆ ಹಿಡಿದು ಹೊರಟಳು.

ಈಗ ಕೂಸು ಕಾರಿನಲ್ಲಿ ಬೆಚ್ಚಗೆ ಮಲಗಿದೆ. ಓಣಿಗೆಲ್ಲ ಸೋರದ ಮಾಳಿಗೆ ಅದೊಂದೇ. ಅದನ್ನು ರಿಪೇರಿ ಮಾಡಿದ್ದು ನಾನಲ್ಲ!