ಎಡಭುಜದ ಹೂವಿಗೆ ಗಿರಾಕಿಯಿಲ್ಲ

ಪತ್ರಿಕೆಯಲ್ಲಿ ಬಹಳ ಕಾಲ ಕೆಲಸ ಮಾಡಿದವನಿಗೆ ಸ್ವಂತ ಅಭಿಪ್ರಾಯ ಅನ್ನುವುದು ನಿಧಾನವಾಗಿ ಒಣಗಿಹೋಗುತ್ತದೆ. ನಾನು ಕೊಳ್ಳೇಗಾಲದಲ್ಲಿ ಕೂತು ಸುತ್ತಲಿನ ಮೂರು ತಾಲ್ಲೂಕುಗಳ ಸುದ್ದಿ ಕಳಿಸುವವನು. ಹನೂರಿನ ಕಡೆ ಆನೆ ಜೋಳದ ಹೊಲಕ್ಕೆ ನುಗ್ಗಿದರೆ ರೈತರು ಹೇಳಿದ್ದನ್ನು ಬರೆದ ಮೇಲೆ ಅರಣ್ಯದವರು ಹೇಳಿದ್ದನ್ನೂ ಬರೆಯುತ್ತೇನೆ. ಆನೆಯ ಹೇಳಿಕೆ ಸಿಗಲಿಲ್ಲವಲ್ಲ ಅನ್ನುವ ಕೊರಗು ಮಾತ್ರ ಉಳಿಯುತ್ತದೆ. ಈ ಚಾಳಿ ಮನೆಗೂ ಬಂದಿದೆ. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಹೆಂಡತಿ ಸುಧಾ ಒಮ್ಮೆ ಕೇಳಿದಾಗ, "ಜಾಸ್ತಿಯಾಯಿತು ಅನ್ನುವವರೂ ಇರಬಹುದು, ಸಾಲದು ಅನ್ನುವವರೂ ಇರಬಹುದು" ಎಂದಿದ್ದೆ. ಆ ದಿನ ನನಗೆ ಎರಡನೇ ಸಲ ಸಾರು ಬರಲಿಲ್ಲ. ಈ ಬಗ್ಗೆ ಆಕೆಯ ಪ್ರತಿಕ್ರಿಯೆ ಕೇಳುವ ಧೈರ್ಯ ನನಗೆ ಆಗಲಿಲ್ಲ.

ಇಂಥ ಮನುಷ್ಯನ ಎದುರು ಕಳೆದ ವರ್ಷ ಒಂದು ಗುರುವಾರ ಬೆಳಿಗ್ಗೆ ಮಗಳು ಚೈತ್ರ ಬಂದು ಕೂತಳು. ಮೈಸೂರಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿದ್ದಳು. ಒಂದು ಕಡೆ ಎಂ.ಟೆಕ್ ಸೀಟು ಸಿಕ್ಕಿತ್ತು. ಇನ್ನೊಂದು ಕಡೆ ತೈಲ ಕಂಪನಿಯೊಂದರಲ್ಲಿ ಕೆಲಸ. ಕೆಲಸವೆಂದರೆ ಮೇಜು ಕುರ್ಚಿಯ ಕೆಲಸವಲ್ಲ. ಅರಬ್ಬಿ ಸಮುದ್ರದ ನಡುವೆ ಕಬ್ಬಿಣದ ಕಾಲುಗಳ ಮೇಲೆ ಒಂದು ಅಟ್ಟ ಕಟ್ಟಿರುತ್ತಾರಂತೆ. ಅಲ್ಲಿ ಎರಡು ವಾರ ಇದ್ದು ದುಡಿಯಬೇಕು, ಆಮೇಲೆ ಎರಡು ವಾರ ಮನೆ. ಕಂಪನಿಗೆ ಸೋಮವಾರ ಸಂಜೆಯೊಳಗೆ ಉತ್ತರ ಹೋಗಬೇಕು. ಒಂದನ್ನು ಹಿಡಿದರೆ ಇನ್ನೊಂದು ಕೈಬಿಟ್ಟಂತೆಯೇ.

"ಅಪ್ಪಾಜಿ, ಯಾವುದಕ್ಕೆ ಹೋಗ್ಲಿ?" ಎಂದಳು.

"ಆತುರ ಬೇಡ. ಎಲ್ಲರನ್ನೂ ವಿಚಾರಿಸೋಣ" ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಎದ್ದುಹೋದಳು. ಆ ನೋಟಕ್ಕೆ ಏನರ್ಥ ಎಂದು ನಾನು ಯೋಚಿಸಲಿಲ್ಲ. ನೋಟಗಳನ್ನು ಸುದ್ದಿ ಮಾಡುವ ಪದ್ಧತಿ ನಮ್ಮಲ್ಲಿಲ್ಲ.

ಮೊದಲು ಯಳಂದೂರು ಕಡೆಯ ಹೊನ್ನೂರಿಗೆ ಹೋದೆ. ಅಲ್ಲಿ ನನ್ನ ತಮ್ಮನ ಮನೆಯಲ್ಲಿ ಅವ್ವ ಇದ್ದಾಳೆ. ಮೊಮ್ಮಗಳು ಸಮುದ್ರಕ್ಕೆ ಹೋಗುವ ಮಾತೆತ್ತಿದರೆ ಎದೆ ಹಿಡಿದುಕೊಳ್ಳುತ್ತಾಳೆ ಎಂದುಕೊಂಡು ಮಾತನ್ನು ತೂಗಿ ತೂಗಿ ಆಡಿದೆ. ಅವ್ವ ಸೊಪ್ಪು ಸೋಸುತ್ತಲೇ ಕೇಳಿದಳು: "ಅಂದ್ರೆ ಸಮುದ್ರದೊಳ್ಗೆ ಬೋರ್ ಕೊರ್ಯಾದು ತಾನೇಯ?"

"ಹೆಚ್ಚುಕಡಿಮೆ ಹಾಗೇ ಅವ್ವ."

"ನಮ್ ಇತ್ತಲಲ್ಲೂ ಕೊರ್ಸಿದ್ವಿ. ಇಲ್ಲಿ ನೀರ್ ಬರ್ದಿದ್ರೆ ಲಾಸು, ಅಲ್ಲಿ ನೀರ್ ಬಂದ್ರೆ ಲಾಸು. ಅಷ್ಟೇ ಕಣ್ಲಾ ವ್ಯತ್ಯಾಸ. ಓಗ್ಲಿ ಬುಡು."

ಹೆಲಿಕಾಪ್ಟರಿನಲ್ಲಿ ಕರೆದುಕೊಂಡು ಹೋಗುತ್ತಾರೆ ಎಂದಾಗ ಮಾತ್ರ ಸೊಪ್ಪು ಕೆಳಗಿಟ್ಟಳು. "ಕೆಲ್ಸಕ್ಕೆ ಎಲಿಕಾಪ್ಟ್ರು. ನೀನು ಇಲ್ಲಿಗ್ ಬಂದ್ರೆ ವಾಪಸ್ ಓಗಕ್ಕೆ ಆಟೋ ಕಾಯ್ತಾ ನಿಂತ್ಕತೀಯ." ಎರಡು ವಾರ ರಜೆ ಇರುವುದು ಅವಳಿಗೆ ಇನ್ನೂ ಹಿಡಿಸಿತು. ಯಾವ ಸರ್ಕಾರಿ ಕೆಲಸದಲ್ಲಿ ತಿಂಗಳಿಗೆ ಅರ್ಧ ತಿಂಗಳು ರಜೆ ಕೊಡುತ್ತಾರೆ, ಅಷ್ಟೂ ದಿನ ಮಗು ಬಂದು ನನ್ನ ಹತ್ತಿರ ಇರುತ್ತದೆ ಎಂದು ಆಗಲೇ ತೀರ್ಮಾನಿಸಿದ್ದಳು.

ಮನೆಯಲ್ಲಿ ಸುಧಾಳ ನಿಲುವು ಇದಕ್ಕೆ ತದ್ವಿರುದ್ಧ. "ನೆಲ ಇಲ್ಲದ ಕಡೆ ಕೆಲಸ ಏನ್ರೀ ಅದು? ಓದಲಿ" ಎಂದಳು. ಕೌದಳ್ಳಿಯಲ್ಲಿ ಭಕ್ತರು ಬೆಟ್ಟಕ್ಕೆ ಹೋಗುವ ರಸ್ತೆ ಬದಿಗೆ ಬೋಂಡದ ಅಂಗಡಿ ಇಟ್ಟಿರುವ ಅವಳ ತಮ್ಮ ಮಾದೇಶನೂ ಅಕ್ಕನ ಪಕ್ಷ. ಫೋನು ಮಾಡಿದಾಗ ಅವನು ಕೊಟ್ಟ ಕಾರಣ ಬೇರೆ. "ಬಾವ, ಪೆಟ್ರೋಲ್ ಕತೆ ಮುಗೀತು ಕಣ್ರಿ. ಮೊದ್ಲು ಬೆಟ್ಟಕ್ಕೆ ಓಗೋ ಗಾಡಿ ಸದ್ದು ಕೇಳಿ ನಾನು ಬೋಂಡಕ್ಕೆ ಎಣ್ಣೆ ಇಡ್ತಿದ್ದೆ. ಈಗ ಕರೆಂಟ್ ಗಾಡಿಯೋರು ಸದ್ದೇ ಇಲ್ದೆ ಬಂದು ಮುಂದೆ ನಿಂತ್ಕತಾರೆ, ಚಾರ್ಜಿಗೆ ಹಾಕ್ಕೊಳ್ಲಾ ಅಂತಾರೆ. ಅವಳು ಸೇರೋ ಒತ್ಗೆ ಕಂಪ್ನಿ ಬಾಗ್ಲಾಕಿರುತ್ತೆ." ದೇಶದ ಇಂಧನ ನೀತಿಯ ಮೇಲೆ ಇಷ್ಟು ಖಚಿತವಾಗಿ ಮಾತಾಡಿದವರನ್ನು ನಾನು ಯಾವ ಸುದ್ದಿಗೋಷ್ಠಿಯಲ್ಲೂ ಕಂಡಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಎರಡೂ ಕಡೆಯ ವಾದವನ್ನು ಮಗಳ ಮುಂದಿಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಆದರೆ ನಮ್ಮ ಕಡೆ ಮದುವೆಯೋ ಮನೆಯೋ ಬೋರ್‌ವೆಲ್ಲೋ ಯಾವುದೇ ಆಗಲಿ, ಹೂ ಕೇಳದೆ ಮುಂದಕ್ಕೆ ಹೋಗುವುದಿಲ್ಲ. ಪೂಜಾರಿ ನೀರಲ್ಲಿ ನೆನೆಸಿದ ಹೂಗಳನ್ನು ದೇವರ ಎರಡೂ ಭುಜಕ್ಕೆ ಅಂಟಿಸುತ್ತಾನೆ. ನಾವು ಮನಸ್ಸಿನಲ್ಲಿರುವುದನ್ನು ಹೇಳಿ ಕೈಮುಗಿದು ಕಾಯಬೇಕು. ಬಲಗಡೆಯ ಹೂ ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಬೇಡ ಎಂದರ್ಥ.

ಶುಕ್ರವಾರ ಅವ್ವ ತಮ್ಮೂರ ಗುಡಿಗೆ ಹೋಗಿ "ಮಗು ಕೆಲ್ಸಕ್ಕೆ ಓಗ್ಲಾ" ಎಂದು ಕೇಳಿದಳು. ಬಲಗಡೆ ಹೂ ಆಯಿತು. ಅದೇ ದಿನ ಸುಧಾ ಕೌದಳ್ಳಿಗೆ ಹೋಗಿ ತವರಿನ ದೇವರ ಮುಂದೆ "ಮಗಳು ಓದಲಾ" ಎಂದು ಕೇಳಿದಳು. ಅಲ್ಲೂ ಬಲಗಡೆಯೇ. ಸಂಜೆ ಇಬ್ಬರೂ ಗೆದ್ದ ಪಕ್ಷದವರ ಹಾಗೆ ನನಗೆ ಫಲಿತಾಂಶ ತಿಳಿಸಿದರು. ಎರಡು ತಾಲ್ಲೂಕಿನ ಅಧಿಕಾರಿಗಳು ಎರಡು ಥರ ಹೇಳಿದಾಗ ಏನು ಮಾಡಬೇಕೆಂದು ನನಗೆ ಗೊತ್ತು. ದೇವರುಗಳೇ ಹಾಗೆ ಮಾಡಿದರೆ ಸ್ಪಷ್ಟನೆ ಕೇಳಲು ಮೇಲೆ ಯಾರಿದ್ದಾರೆ? ಹೊನ್ನೂರಿನ ಗುಡಿಯಲ್ಲಿ ಭಕ್ತರೊಬ್ಬರು ಕೊಟ್ಟ ಫ್ಯಾನು ದೇವರ ಬಲಕ್ಕಿದೆ. ಅದನ್ನು ಇಲ್ಲಿ ದಾಖಲಿಸುತ್ತೇನೆ, ಅಷ್ಟೇ.

"ಮೂರನೇ ಕಡೆ ಕೇಳೋಣ" ಎಂದವನು ನಾನೇ. ಎರಡು ಮೂಲಗಳು ಒಪ್ಪದಿದ್ದರೆ ಮೂರನೆಯದನ್ನು ಹುಡುಕಬೇಕೆನ್ನುವುದು ನಮ್ಮ ವೃತ್ತಿಯ ಮೊದಲ ಪಾಠ. ಯಾರ ಕಡೆಗೂ ಸೇರದ, ಕೊಳ್ಳೇಗಾಲದ ಹೊರಗಿನ ಒಂದು ಚಿಕ್ಕ ಮಾರಮ್ಮನ ಗುಡಿ ಗೊತ್ತುಮಾಡಿದೆ. ಭಾನುವಾರ ಬೆಳಿಗ್ಗೆ ಅವ್ವ, ಸುಧಾ, ಮಾದೇಶ, ಚೈತ್ರ ಎಲ್ಲರೂ ಬಂದರು. ಪಕ್ಷಪಾತ ಇಲ್ಲದವನು ಎಂದು ಪ್ರಶ್ನೆ ಸಿದ್ಧಪಡಿಸುವ ಹೊಣೆಯನ್ನು ನನಗೇ ಒಪ್ಪಿಸಿದರು. ಬಲಕ್ಕೆ ಕೆಲಸ, ಎಡಕ್ಕೆ ಓದು ಎಂದು ಪ್ರಾರಂಭಿಸಿದೆ.

"ಸರಸ್ವತೀನ ಎಡಗಡೆ ಕೂರಿಸ್ತೀರಾ?" ಎಂದಳು ಸುಧಾ.

ಸರಿ, ಬಲಕ್ಕೆ ಓದು, ಎಡಕ್ಕೆ ಕೆಲಸ ಎಂದೆ.

"ಲಕ್ಷ್ಮಿ ಬಾಗ್ಲಿಗ್ ಬಂದವ್ಳೆ, ಎಡಗಡೆ ನಿಂತ್ಕೊ ಅಂತೀಯೇನ್ಲಾ?" ಎಂದಳು ಅವ್ವ.

ಮಾದೇಶ ನಡುವೆ ಬಾಯಿ ಹಾಕಿದ. "ಬಾವ, ಎರಡ್ನೂ ಬಲಕ್ಕೇ ಇಟ್ಬುಡಿ."

ಪೂಜಾರಿ ಹೂಗಳನ್ನು ಮತ್ತೆ ನೀರಿಗೆ ಹಾಕಿ ಪಕ್ಕದ ಕಟ್ಟೆಯ ಮೇಲೆ ಕೂತ. ಎಡಗಡೆಗೆ ನಿಲ್ಲಲು ಯಾವ ಪಕ್ಷವೂ ಸಿದ್ಧವಿಲ್ಲ. ನಾನು ಆಚೆ ಬೇವಿನ ಮರದ ಕೆಳಗೆ ನಿಂತು, ಯಾರ ಆಕ್ಷೇಪಣೆಗೂ ಸಿಗದ ಹಾಗೆ ಒಂದು ವಾಕ್ಯ ಕಟ್ಟಿದೆ. ಅಷ್ಟು ನಿಷ್ಪಕ್ಷಪಾತವಾದ ವಾಕ್ಯವನ್ನು ನನ್ನ ವೃತ್ತಿಜೀವನದಲ್ಲಿ ಇನ್ನೊಂದು ಬರೆದಿಲ್ಲ. ಒಳಗೆ ಬಂದು ಕೈಮುಗಿದು ಹೇಳಿದೆ: "ತಾಯಿ, ನನ್ನ ಮಗಳಿಗೆ ಯಾವುದು ಒಳ್ಳೆಯದೋ ಅದೇ ಆಗುತ್ತದೆ ಅನ್ನುವುದಾದರೆ ಬಲಗಡೆ ಹೂ ಕೊಡು."

ಮಾತು ಮುಗಿಯುವ ಮೊದಲೇ ಬಲಗಡೆಯ ಹೂ ಬಿತ್ತು.

ಎಲ್ಲರೂ ಕೆನ್ನೆ ಬಡಿದುಕೊಂಡರು. ಅವ್ವನಿಗೆ ಕೆಲಸ ಖಾತ್ರಿಯಾಯಿತು, ಸುಧಾಳಿಗೆ ಓದು ಖಾತ್ರಿಯಾಯಿತು. ಪೂಜಾರಿ ಮಂಗಳಾರತಿ ಕೊಡುವಾಗ ನನ್ನ ಕಿವಿಯ ಹತ್ತಿರ ಬಂದು, "ಹಿಂಗ್ ಕೇಳುದ್ರೆ ಅಮ್ಮ ಇನ್ನೇನ್ ಮಾಡ್ತಾಳೆ ಸಾ" ಎಂದ. ಇಷ್ಟೆಲ್ಲ ಆದ ಮೇಲೂ ಯಾವುದಕ್ಕೆ ಹೋಗಬೇಕು ಎನ್ನುವುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಸೋಮವಾರ ಮಧ್ಯಾಹ್ನ ಚೈತ್ರ ಲ್ಯಾಪ್‌ಟಾಪ್ ತೆರೆದುಕೊಂಡು ನನ್ನ ಎದುರಿಗೆ ಕೂತಳು.

"ಅಪ್ಪಾಜಿ, ಗುರುವಾರ ನಾನು ಕೇಳಿದ್ದು ನಿಮ್ಮನ್ನ. ನೀವು ಅಜ್ಜಿನ ಕೇಳಿದ್ರಿ, ಮಾವನ್ನ ಕೇಳಿದ್ರಿ, ಮಾರಮ್ಮನ್ನೂ ಕೇಳಿದ್ರಿ. ಸಂಜೆ ಆಗ್ತಾ ಬಂತು. ನೀವೇನು ಹೇಳ್ತೀರಾ?"

"ಎರಡಕ್ಕೂ ಅದರದರ ಸಾಧಕ ಬಾಧಕ..."

"ಅದು ಪೇಪರಿಗೆ. ನನಗೆ ಹೇಳಿ."

ನಾನು ಬಾಯಿ ತೆರೆದೆ. ಅದರಿಂದ ಹೊರಬಂದ ಮಾತಿಗೆ ನಾನು ಸಿದ್ಧನಿರಲಿಲ್ಲ. "ಎರಡೂ ಬೇಡ. ಇಲ್ಲೇ ಇರು" ಎಂದುಬಿಟ್ಟೆ.

ಮಗಳು ನಗು ತಡೆಯಲು ನೋಡಿದಳು, ಆಗಲಿಲ್ಲ. "ಇಲ್ಲಿದ್ದು ಏನ್ ಮಾಡ್ಲಿ?"

"ಅದನ್ನ ಯೋಚನೆ ಮಾಡಿಲ್ಲ."

ಇಡೀ ಕುಟುಂಬದಲ್ಲಿ ಎರಡೂ ಕಡೆಗಿಂತ ಆಚೆ ನಿಂತಿದ್ದವನು ನಾನೇ ಎಂದು ಆಗ ತಿಳಿಯಿತು. ಚೈತ್ರ ನನ್ನ ಕೈ ಮೇಲೆ ಕೈಯಿಟ್ಟು, "ಇಷ್ಟನ್ನ ಗುರುವಾರನೇ ಹೇಳಿದ್ರೆ ನಾಲ್ಕು ದಿನ ಅಲೆಯೋದು ತಪ್ತಿತ್ತು" ಎಂದಳು. ಆಮೇಲೆ ತನ್ನ ತೀರ್ಮಾನ ಹೇಳಿದಳು. "ಇಷ್ಟು ವರ್ಷ ಪುಸ್ತಕದಲ್ಲಿ ಪೈಪಿನ ಚಿತ್ರ ಬರೆದಿದ್ದೇ ಆಯ್ತು. ಒಂದ್ಸಲ ನಿಜವಾದ ಪೈಪು ಮುಟ್ಟಿ ನೋಡ್ತೀನಿ. ಓದು ಆಮೇಲೂ ಇರುತ್ತೆ." ಕಂಪನಿಗೆ ಒಪ್ಪಿಗೆ ಹೋಯಿತು.

ಅವ್ವ ಊರಿಗೆಲ್ಲ ಹೇಳಿಕೊಂಡು ಬಂದಳು. ಓದು ಆಮೇಲೂ ಇರುತ್ತೆ ಅಂದಿದ್ದಾಳೆ, ಅಲ್ಲಿಗೆ ಗೆದ್ದಿದ್ದು ನಾನೇ ಎಂದು ಮಾದೇಶ ಹೇಳಿದ. ಸುಧಾ ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟುಗಳನ್ನು ಡಬ್ಬಿಗೆ ತುಂಬತೊಡಗಿದಳು. ಸಮುದ್ರದ ನಡುವೆ ಅಂಗಡಿ ಇರುವುದಿಲ್ಲ ಎನ್ನುವ ವಿಷಯದಲ್ಲಿ ಮಾತ್ರ ಮನೆಯಲ್ಲಿ ಒಮ್ಮತವಿತ್ತು.

ಮಗಳನ್ನು ಬಸ್ಸು ಹತ್ತಿಸಿದ ಬೆಳಿಗ್ಗೆ, ಒಂದು ವರದಿಗೆ ಹೋಗಬೇಕು ಎಂದು ಸುಧಾಳಿಗೆ ಹೇಳಿ ಒಬ್ಬನೇ ಆ ಮಾರಮ್ಮನ ಗುಡಿಗೆ ಹೋದೆ. ಪೂಜಾರಿ ಏನೂ ಕೇಳದೆ ಹೂ ನೆನೆಸಿ ಎರಡೂ ಭುಜಕ್ಕಿಟ್ಟ.

"ನೀರಿನ ಮೇಲೆ ಮಗು ಕ್ಷೇಮವಾಗಿರುತ್ತಾಳೆ ಅನ್ನುವುದಾದರೆ ಬಲಗಡೆ ಕೊಡು ತಾಯಿ" ಎಂದೆ.

"ಎಡಗಡೆಗೆ ಏನ್ ಸಾ?" ಎಂದ ಪೂಜಾರಿ.

"ಎಡಗಡೆಗೆ ಏನೂ ಇಲ್ಲ."

ಅವನು ನನ್ನನ್ನು ಒಮ್ಮೆ ನೋಡಿದ. ಎಡಭುಜದ ಹೂವನ್ನು ಮೆಲ್ಲಗೆ ತೆಗೆದು ಅದನ್ನೂ ಬಲಕ್ಕೇ ಇಟ್ಟ. ನಾನು ಆಕ್ಷೇಪಣೆ ಸಲ್ಲಿಸಲಿಲ್ಲ.